ಕನಸಿನಲ್ಲಿ ಎಚ್ಚರಾಗಲು ಹೋಗಿ

ತಲೆ ತಗ್ಗಿಸುವಂಥ ಪ್ರಸಂಗಗಳು ಉಳಿದವರಿಗೆ ವರ್ಷಕ್ಕೊಂದು ಬಂದರೆ ನನಗೆ ಹದಿನೈದು ದಿನಕ್ಕೊಂದು ಬರುತ್ತವೆ. ಈ ಸಲದವಕ್ಕೆಲ್ಲ ಮೂಲ ಒಂದು ಡಬ್ಬಿ ಉಪ್ಪು.

ಇಪ್ಪತ್ನಾಲ್ಕು ವರ್ಷದ ಹಿಂದೆ ನಿಪ್ಪಾಣಿಯ ನನ್ನ ತವರಿನಲ್ಲಿ ಅಕ್ಕನ ಮದುವೆ. ಆಗಷ್ಟೇ ಮನೆ ತುಂಬಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ರವೆಯ ಸಿಹಿ ಶಿರಾ ಮಾಡುತ್ತಿದ್ದರು. "ಸಕ್ಕರಿ ಸುರುವು" ಅಂದರು. ನಾನು ಉಪ್ಪಿನ ಡಬ್ಬಿ ಸುರುವಿದೆ. ಬೈಸಿಕೊಂಡವರು ವೈನಿ, ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಬಳಗಕ್ಕೆಲ್ಲ ಅವರು 'ಉಪ್ಪಿನ ವೈನಿ'. ಈಗಲೂ ಅವರು ಖಾಲಿ ಡಬ್ಬಿ ಹಿಡಿದು ನನ್ನ ಕನಸಿನಲ್ಲಿ ಬರುತ್ತಾರೆ, ನಾನು ಓಡುತ್ತೇನೆ. ಎದುರು ನಿಂತು ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ. ಕನಸಿನಲ್ಲಾದರೂ ಒಪ್ಪಿಕೊಂಡು ರೂಢಿ ಮಾಡಿಕೊಳ್ಳೋಣವೆಂದು, ಇದು ಕನಸು ಎಂದು ಕನಸಿನೊಳಗೇ ಗುರುತಿಸುವ ಉಪಾಯಗಳನ್ನು ಮೊಬೈಲು ನೋಡಿ ಕಲಿಯತೊಡಗಿದೆ.

ಮೂಗಿನ ಪರೀಕ್ಷೆ

ಮೂಗು ಹಿಡಿದು, ಬಾಯಿ ಮುಚ್ಚಿ ಉಸಿರೆಳೆಯಬೇಕು. ಉಸಿರು ಬಂದರೆ ಕನಸು, ಬರದಿದ್ದರೆ ಎಚ್ಚರ. ಹಗಲಿನ ಚಟ ಕನಸಿಗೂ ಬರುತ್ತದಂತೆ. ನಾನು ಚಿಕ್ಕೋಡಿ ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಮರೆಯಬಾರದೆಂದು, ಬಾಗಿಲಲ್ಲಿ ಯಾರೇ ಬಂದರೂ ಮೂಗು ಹಿಡಿಯುವ ನಿಯಮ ಹಾಕಿಕೊಂಡೆ. ಒಂದನೇ ತರಗತಿಯ ಮಕ್ಕಳು ಟೀಚರು ಮಾಡಿದ್ದನ್ನೆಲ್ಲ ಮಾಡುತ್ತವೆ ಎನ್ನುವುದು ಮಾತ್ರ ನೆನಪಿರಲಿಲ್ಲ.

ಆ ವಾರ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಹೊಸ್ತಿಲು ದಾಟಿದರೋ ಇಲ್ಲವೋ, ಮೂವತ್ತು ಮಕ್ಕಳು ಎದ್ದು ನಿಂತು ಮೂಗು ಹಿಡಿದವು. ಸಾಹೇಬರು ತಮ್ಮ ಬೂಟಿನ ಅಡಿ ನೋಡಿಕೊಂಡರು. ಆಮೇಲೆ ಬಗಲು ಮೂಸಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಟೀಚರ, ಖರೇ ಹೇಳ್ರಿ, ನಾ ಹೊರಗ ನಿಂತ ಮಾತಾಡ್ಲೇನ್ರಿ?"

ಕನಸಿನ ವಹಿ

ಎದ್ದ ಕೂಡಲೇ ಕಂಡ ಕನಸನ್ನು ಬರೆದಿಡಬೇಕು, ಅದು ಎರಡನೇ ಉಪಾಯ. ಒಂದು ವಹಿಯಲ್ಲಿ ಬರೆದು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದೆ. ಅದು ಅತ್ತೆಯ ಕೈಗೆ ಸಿಕ್ಕಿತು. ಅವರಿಗೆ ಓದಲು ಬಾರದು, ಮಗನ ಕೈಗೆ ಕೊಟ್ಟರು. ಆ ಪುಣ್ಯಾತ್ಮ ನನ್ನ ಗಂಡ ಚಹಾ ಕುಡಿಯುತ್ತ ದೊಡ್ಡ ದನಿಯಲ್ಲಿ ಓದಿದರು: "ಅತ್ತಿಯವರನ್ನ ದ್ರಾಕ್ಷಿ ಶೆಡ್ಡಿನ್ಯಾಗ ಒಣಗಾಕ ಹರವಿದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಅಥಣಿಯಲ್ಲಿ ದ್ರಾಕ್ಷಿ ತೋಟದ ಮನೆಯಲ್ಲೇ ಬೆಳೆದವರು, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಯ ಸಾಲುಗಳ ಮೇಲೆ ದ್ರಾಕ್ಷಿ ಒಣಗಿಸಿ ಪಳಗಿದವರು.

"ಯಾವ ಸಾಲಿಗೆ ಹರವಿದ್ದಿ?"

"ಎಲ್ಲಾಕ್ಕಿಂತ ತೆಳಗಿಂದಕ್ಕರಿ."

"ತೆಳಗ ಗಾಳಿ ಆಡಂಗಿಲ್ಲ ಬೇ, ಬೂಸರ ಬರ್ತೈತಿ. ಮುಂದಿನ ಸಲ ಮ್ಯಾಲ ಹರವು."

ಬೋರ್ಡಿನ ಪರೀಕ್ಷೆ

ಮೂರನೆಯದು ಸುಲಭ. ಯಾವುದಾದರೂ ಬರಹ ಓದಿ, ಮುಖ ಹೊರಳಿಸಿ, ಮತ್ತೆ ಓದಬೇಕು. ಅಕ್ಷರ ಬದಲಾಗಿದ್ದರೆ ಕನಸೇ ಸರಿ.

ಹೋದ ತಿಂಗಳು ನಿಪ್ಪಾಣಿಯ ಮಂಗಲ ಕಾರ್ಯಾಲಯದಲ್ಲಿ ವೈನಿಯ ಮಗಳ ನಿಶ್ಚಯ. ಬೀಗರು ಕೊಲ್ಲಾಪುರದವರು. ಊಟ ಭರ್ಜರಿಯಾಗಿ, ಕುರ್ಚಿಯಲ್ಲೇ ನನಗೆ ಕಣ್ಣು ಹತ್ತಿತು. "ಶಿರಾ ನಮ್ಮ ಉಪ್ಪಿನ ವೈನಿ ಮಾಡಿಲ್ಲಲ್ಲ ಮತ್ತ?" ಎಂದು ನಮ್ಮ ಕಾಕಾ ಚಾಷ್ಟಿ ಮಾಡಿದ್ದು ಕೇಳಿ ಕಣ್ಣು ಬಿಟ್ಟೆ. ಬೀಗರೂ ಸೇರಿ ಎಲ್ಲರೂ ನಕ್ಕರು. ವೇದಿಕೆಯ ಮೇಲೆ ವೈನಿಯೂ ನಕ್ಕರು. ಹೊಸ ಬೀಗರ ಮುಂದೆಯೂ ಅವರಿಗೆ ಇದೇ ಹೆಸರು. 

ವೇದಿಕೆಯ ಮೇಲೆ ದೀಪದ ಬೋರ್ಡಿನಲ್ಲಿ 'ಸುಸ್ವಾಗತ' ಎಂದಿತ್ತು. ಮುಖ ಹೊರಳಿಸಿ ಮತ್ತೆ ನೋಡಿದೆ. ಅಕ್ಷರಗಳೆಲ್ಲ ಬೇರೆ. ಮೈ ಝುಮ್ಮೆಂದಿತು. ಇಷ್ಟು ದಿನ ಕಾದ ಕನಸು ಕೊನೆಗೂ ಬಂದಿತ್ತು.

ನೇರ ಹೋಗಿ ಮೈಕು ಹಿಡಿದೆ. "ಅಕ್ಕನ ಮದುವ್ಯಾಗ ಶಿರಾಕ್ಕ ಉಪ್ಪ ಸುರುವಿದಾಕಿ ನಾನು. ಬೈಸಿಕೊಂಡವ್ರು ವೈನಿ. ಇಪ್ಪತ್ನಾಲ್ಕ ವರ್ಷ ಸುಮ್ನ ಕುಂತೆ. ತಪ್ಪಾತ್ರಿ ವೈನಿ" ಎಂದೆ. ಎದೆ ಹಗುರಾಯಿತು. ಹೇಗೂ ಕನಸು, ಒಂದಿಷ್ಟು ಹಾರಿಯೂ ನೋಡೋಣವೆಂದು ಎರಡೂ ಕೈ ಅಗಲಿಸಿ ಜಿಗಿದೆ. ಧಡಕ್ಕನೆ ಅಲ್ಲೇ ಬಿದ್ದೆ.

ಬಿದ್ದಲ್ಲಿಂದಲೇ ತಲೆ ಎತ್ತಿ ನೋಡಿದೆ. ಬೋರ್ಡು ಮತ್ತೆ ಕನ್ನಡಕ್ಕೆ ಬಂದಿತ್ತು. ಎರಡೂ ಕಡೆಯ ನೆಂಟರಿಗೆಂದು ಅದು ಒಮ್ಮೆ ಕನ್ನಡ, ಒಮ್ಮೆ ಮರಾಠಿ ತೋರಿಸುತ್ತಿತ್ತು. ಗಡಿಯಲ್ಲೇ ಹುಟ್ಟಿ ಬೆಳೆದ ನನಗೆ ಅಷ್ಟೂ ಹೊಳೆದಿರಲಿಲ್ಲ. ಸೆರಗಿನ ಮರೆಯಲ್ಲಿ ಮೂಗು ಹಿಡಿದು ನೋಡಿದೆ. ಉಸಿರು ಬರಲಿಲ್ಲ.

ಅಷ್ಟರಲ್ಲಿ ವರನ ತಾಯಿ ಎದ್ದು, "ಅಸಂ ಕಾಯ? ಹಿಂಗೇನು? ಹಂಗಾರ ಲಗ್ನದ ಶಿರಾ ನಮ್ಮ ಬೀಗತಿ ಕೈಲೇ ಆಗ್ಲಿ" ಎಂದರು. ಚಪ್ಪಾಳೆ ಬಿತ್ತು.

ವೈನಿ ನಗುಮುಖ ಹಾಗೇ ಇಟ್ಟುಕೊಂಡು ಬಂದು, ನನ್ನನ್ನು ಎಬ್ಬಿಸುವ ನೆಪದಲ್ಲಿ ಕಿವಿಯ ಹತ್ತಿರ ಬಾಗಿದರು.

"ನೀ ಸುರುವಿದ್ದು ನನಗ ಆವತ್ತ ಗೊತ್ತಿತ್ತ. ಆ ಹೆಸರಿನ ಪುಣ್ಯಾದಿಂದ ಇಷ್ಟ ವರ್ಷ ಯಾರ ಕಾರ್ಯದಾಗೂ ನನ್ನನ್ನ ಒಲಿ ಮುಂದ ಕುಂದ್ರಸಿರಲಿಲ್ಲ. ಎಲ್ಲಾ ಕೆಡಿಸಿಟ್ಟಿ. ಲಗ್ನಕ್ಕ ಸಾವಿರ ಮಂದಿ ಬರ್ತಾರ. ಸೌಟ ತಿರುವಾಕಿ ನೀನು. ಸಕ್ಕರಿ ಅಷ್ಟ ನಾ ಹಾಕ್ತೀನಿ."