ಹಿಮದಡಿ ಹೂತುಹೋದವನು ನಾನಲ್ಲ

ನಾನು ನಿಂತಿದ್ದದ್ದು ಇಳಿಜಾರಿನ ಆಚೆ ಬದಿಯಲ್ಲಿ, ಎಮ್ಮೆ ಮಲಗಿದ ಹಾಗೆ ಕಾಣುತ್ತಿದ್ದ ಒಂದು ಕರಿಬಂಡೆಯ ಮೇಲೆ. ಬಂಡೆಯ ಪಕ್ಕದಲ್ಲಲ್ಲ, ಕೆಳಗಲ್ಲ, ಹಿಮದ ಅಡಿಯಲ್ಲಂತೂ ಅಲ್ಲವೇ ಅಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೀಪಾವಳಿ ಕಳೆದು ಒಂದು ತಿಂಗಳು. ಬೆಳಗಿನ ಬಿಸಿಲು ಬಂಡೆಯನ್ನು ಮುಟ್ಟಿತ್ತು, ಇಳಿಜಾರನ್ನು ಇನ್ನೂ ಮುಟ್ಟಿರಲಿಲ್ಲ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರನ್ನು ಬೇಕಾದರೂ ಕೇಳಿ: ಕಿರಿಮಂಜೇಶ್ವರದ ಅನಂತ, ಅಂದರೆ ನಾನು, ಉತ್ತರದ ಪರ್ವತದಲ್ಲಿ ಹಿಮ ಕುಸಿದು ಹೂತುಹೋಗಿದ್ದೆನೆಂದೂ, ಕೊಕ್ಕರ್ಣೆಯ ಮಹಾಬಲಣ್ಣ ನನ್ನನ್ನು ಅಗೆದು ಹೊರಗೆ ತೆಗೆದನೆಂದೂ ಹೇಳುತ್ತಾರೆ. ನಡೆದದ್ದು ಇದರ ತಿರುಗುಮುರುಗು. ಊರು ಏನಾದರೂ ಹೇಳಿಕೊಳ್ಳಲಿ, ಬಿಡಿ. ಆದರೆ ನನ್ನ ಮನೆಯಲ್ಲಿ, ನನ್ನ ಸ್ವಂತ ತಾಯಿ ಮತ್ತು ಹೆಂಡತಿಯ ಎದುರು, ನಾನು ಸಾಯದೇ ಇದ್ದ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇಲ್ಲವೆಂದಾದರೆ ಗಂಡಸು ಎಲ್ಲಿಗೆ ಹೋಗಬೇಕು?

ನಮ್ಮಂಥವರು ಆ ಪರ್ವತಕ್ಕೆ ಹೋದದ್ದು ಹೇಗೆಂದು ನೀವು ಕೇಳಬಹುದು. ನಮ್ಮ ಕಡೆಯವರಿಗೆ ಭೂಗೋಳ ಗೊತ್ತಿಲ್ಲ. ಎಲ್ಲಿ ಜನಕ್ಕೆ ಹಸಿವಾಗುತ್ತದೆ ಎಂಬುದಷ್ಟೇ ಗೊತ್ತು. ಮುಂಬಯಿಯಲ್ಲಿ ನಾವು ಕೆಲಸಕ್ಕಿದ್ದ ಹೋಟೆಲಿನ ಯಜಮಾನರು ಸ್ಕೀ ಕಲಿಸುವ ಒಂದು ಶಿಬಿರಕ್ಕೆ ಊಟ ಒದಗಿಸಲು ಒಪ್ಪಿಕೊಂಡರು. ಅಡುಗೆಗೆ ಮಹಾಬಲಣ್ಣ, ಉಗ್ರಾಣಕ್ಕೆ ನಾನು. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ. ಅದರ ಮೇಲೆ ನಿಂತು ಹಿಮದಲ್ಲಿ ಜಾರುವುದು. ನಮ್ಮೂರಿನಲ್ಲಿ ಮಳೆಗಾಲದ ಪಾಚಿಯ ಮೇಲೆ ಹಲಗೆಯಿಲ್ಲದೆಯೇ ಮಾಡುವ ಕೆಲಸವನ್ನು ಅಲ್ಲಿ ದೂರದೂರದಿಂದ ಬಂದು ಕಲಿಯುತ್ತಿದ್ದರು. ಶಿಬಿರದ ಹತ್ತಿರವೇ ಜಾರಿದರೆ ನಮಗೇನೂ ತೊಂದರೆ ಇರಲಿಲ್ಲ. ಆದರೆ ಹಲಗೆಯ ಅಡಿಗೆ ರೋಮದ ಚರ್ಮದ ಪಟ್ಟಿ ಕಟ್ಟಿಕೊಂಡರೆ ಹಿಂದಕ್ಕೆ ಜಾರದೆ ಬೆಟ್ಟ ಹತ್ತಬಹುದು. ಹಾಗೆ ಹತ್ತಿ, ಜನರೇ ಇಲ್ಲದ ಕಣಿವೆಗಳನ್ನು ದಾಟಿ, ಕುರುಬರು ಬಿಟ್ಟುಹೋದ ಗುಡಿಸಲಿನಲ್ಲಿ ರಾತ್ರಿ ಕಳೆದು ಬರುವುದು ಆ ವಿದ್ಯೆಯ ಮೇಲಿನ ತರಗತಿ. ಅಲ್ಲಿಯೂ ಹಸಿವಾಗುತ್ತದಾದ್ದರಿಂದ ನಾವಿಬ್ಬರೂ ಹಲಗೆ ಕಟ್ಟಿಕೊಂಡೆವು. ಮೊದಲ ವಾರ ನಾನು ನಿಂತದ್ದಕ್ಕಿಂತ ಕೂತದ್ದೇ ಹೆಚ್ಚು.

ಕಲಿಸುವವರು ಠಾಕೂರ್ ಮಾಸ್ತರರು, ಆ ಬೆಟ್ಟದವರೇ. ಮಾತು ಕಡಿಮೆ, ಆಡಿದರೆ ಹೆದರಿಸುವುದಕ್ಕೆ. ಚಳಿಗಾಲ ತುಂಬಿ ಆಳೆತ್ತರ ಹಿಮ ಬಿದ್ದ ಮೇಲೆ ಎಲ್ಲರೂ ಹುಷಾರಾಗಿರುತ್ತಾರೆ, ಅಪಾಯ ಈಗಲೇ, ಎನ್ನುತ್ತಿದ್ದರು. ಅಲ್ಲಲ್ಲಿ ಹುಲ್ಲು ಕಾಣುತ್ತಿದೆ, ಇಷ್ಟು ತೆಳು ಹಿಮ ಏನು ಮಾಡೀತು ಎಂದುಕೊಂಡೇ ಜನ ಸಾಯುವುದಂತೆ. ಒಂದು ಕಡೆ ಸಲಿಕೆಯಿಂದ ಅಗೆದು ತೋರಿಸಿದರು. ಅಡಿಯಲ್ಲಿ ಮೊದಲು ಬಿದ್ದ ಹಿಮ ಚಳಿಗೆ ಪುಡಿಪುಡಿಯಾಗಿ, ಅಂಗೈಗೆ ಹಾಕಿದರೆ ಇಡ್ಲಿ ರವೆಯ ಹಾಗೆ ಸೋರಿಹೋಗುತ್ತಿತ್ತು. ಅದರ ಮೇಲೆ ಹಿಂದಿನ ದಿನದ ಗಾಳಿ ಹೊಸ ಹಿಮವನ್ನು ತಟ್ಟಿ ತಟ್ಟಿ ದಪ್ಪ ರೊಟ್ಟಿಯಾಗಿ ಕೂರಿಸಿತ್ತು. ರವೆ ಹರಡಿದ ಓರೆ ಹಲಗೆಯ ಮೇಲೆ ರೊಟ್ಟಿ ಎಷ್ಟು ಹೊತ್ತು ನಿಂತೀತು? ಮಹಾಬಲಣ್ಣನೂ ಬಗ್ಗಿ ನೋಡಿದ. "ರವೆ ಲಾಯ್ಕಿತ್ತ್ ಮಾರಾಯ, ಉಪ್ಪಿಟ್ಟಿಗೆ ಆತ್ತ್" ಎಂದ. ಮಾಸ್ತರರು ಏನೆಂದು ಕೇಳಿದರು. ಅರ್ಥವಾಯಿತು ಎನ್ನುತ್ತಿದ್ದಾನೆ ಎಂದು ನಾನು ಹಿಂದಿಯಲ್ಲಿ ಹೇಳಿದೆ.

ಮಾಸ್ತರರ ನಿಯಮಗಳಲ್ಲಿ ಮುಖ್ಯವಾದದ್ದು ಒಂದು ಕೆಂಪು ಹಗ್ಗ. ಸಪೂರದ್ದು, ನಮ್ಮ ಮನೆಯ ಬಾವಿ ಹಗ್ಗದಷ್ಟೇ ಉದ್ದ. ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿ ಉಳಿದದ್ದನ್ನು ಬಾಲದ ಹಾಗೆ ಹಿಂದೆ ಎಳೆದುಕೊಂಡು ಹೋಗಬೇಕು. ಮನುಷ್ಯ ಹಿಮದಡಿ ಸಿಕ್ಕಿದರೂ ಹಗುರವಾದ ಹಗ್ಗದ ಒಂದಿಷ್ಟು ಭಾಗ ಮೇಲೆ ತೇಲುತ್ತದೆ. ಅದನ್ನು ಹಿಡಿದು ಹೋದರೆ ಆಸಾಮಿ ಸಿಗುತ್ತಾನೆ. ಇಷ್ಟು ಸರಳವಾದ ಉಪಾಯವನ್ನು ಯಾವ ದೇಶದವನು ಬೇಕಾದರೂ ಪಾಲಿಸಿಯಾನು, ನಮ್ಮ ಕಡೆಯವನೊಬ್ಬನನ್ನು ಬಿಟ್ಟು. ನಮ್ಮಲ್ಲಿ ನೀರು ಸೇದಿದ ಮೇಲೆ ಬಾವಿ ಹಗ್ಗವನ್ನು ಅಂಗೈಯಿಂದ ಮೊಣಕೈಗೆ ಸುತ್ತಿ ಗೂಟಕ್ಕೆ ಹಾಕದೆ ಅಂಗಳದಲ್ಲಿ ಬಿಟ್ಟ ಮಗು ಬೆನ್ನಿಗೆ ಏಟು ತಿನ್ನದೆ ಬೆಳೆದಿಲ್ಲ. ನೆಲದ ಮೇಲೆ ಬಿದ್ದ ಹಗ್ಗವನ್ನು ಕೋಳಿ ತುಳಿಯುತ್ತದೆ, ಅದೇ ಹಗ್ಗ ಬಾವಿಗಿಳಿಯುತ್ತದೆ. ಹಾಗಾಗಿ ಬಿದ್ದ ಹಗ್ಗ ಕಂಡರೆ ನಮ್ಮ ಕೈ ನಮ್ಮನ್ನು ಕೇಳುವುದಿಲ್ಲ, ತಾನೇ ಸುತ್ತತೊಡಗುತ್ತದೆ. ಮೊದಲ ದಿನ ಮಹಾಬಲಣ್ಣ ತನ್ನದನ್ನು ಮಾತ್ರವಲ್ಲ, ಮುಂದೆ ಹೋಗುತ್ತಿದ್ದ ಕಲಿಯುವವನ ಹಗ್ಗವನ್ನೂ ಪರೋಪಕಾರಕ್ಕೆಂದು ಸುತ್ತುತ್ತಾ ಸುತ್ತುತ್ತಾ ಅವನ ಬೆನ್ನಿಗೇ ಹೋಗಿ ಢಿಕ್ಕಿ ಹೊಡೆದಿದ್ದ.

ಗುಡಿಸಲಿನಿಂದ ಹಿಂತಿರುಗುವ ಬೆಳಿಗ್ಗೆ ಮಾಸ್ತರರು ದೊಡ್ಡ ಇಳಿಜಾರುಗಳನ್ನೆಲ್ಲ ಬಿಟ್ಟು ದಿಣ್ಣೆಯ ಬೆನ್ನ ಮೇಲೆಯೇ ಕರೆತಂದರು. ಒಂದೇ ಕಡೆ, ಕಡಿದಾದ ಸಣ್ಣ ಇಳಿಜಾರೊಂದನ್ನು ಅಡ್ಡ ದಾಟಲೇಬೇಕಿತ್ತು. ಒಬ್ಬೊಬ್ಬರಾಗಿ ದಾಟಬೇಕು, ದಾಟುವವನನ್ನು ಉಳಿದವರು ಕಣ್ಣು ಮಿಟುಕಿಸದೆ ನೋಡಬೇಕು, ಹೊರೆ ಹಗುರ ಮಾಡಬೇಕು, ಹಲಗೆಯನ್ನು ಕಾಲಿಗೆ ಬಿಗಿದ ಪಟ್ಟಿ ಸಡಿಲಿಸಬೇಕು. ಮಹಾಬಲಣ್ಣ ಪಟ್ಟಿ ಸಡಿಲಿಸಿದ್ದ, ಏಕೆಂದರೆ ಅದನ್ನು ಬಿಗಿಯುವುದು ಅವನಿಗೆ ಎಂದೂ ಬಂದಿರಲಿಲ್ಲ. ಹೊರೆಯ ಮಾತು ಬೇರೆ. ಅವನ ಚೀಲದಲ್ಲಿ ದೋಸೆ ಕಾವಲಿಯೂ, ಊರಿನಿಂದ ತಂದ ತೆಂಗಿನಕಾಯಿಗಳೂ ಇದ್ದವು. ಬಿಟ್ಟು ಬಾ ಎಂದು ಮಾಸ್ತರರು ಶಿಬಿರದಲ್ಲೇ ಹೇಳಿದ್ದರು. "ಕಾಯಿ ಹಾಕ್ದೆ ಪದಾರ್ಥ ಮಾಡೂಕೆ ನಾನೆಂತ ಆಸ್ಪತ್ರೆ ಅಡುಗೆಯವ್ನಾ?" ಎಂದು ಇವನು ಹೊತ್ತು ತಂದಿದ್ದ.

ಮಾಸ್ತರರು ದಾಟಿದರು, ನಾಲ್ವರು ಕಲಿಯುವವರು ದಾಟಿದರು, ನಾನು ಕೂತು ಎದ್ದು ದಾಟಿದೆ. ನನ್ನನ್ನು ಬಂಡೆಯ ಮೇಲೆ ನಿಲ್ಲಿಸಿ, ಕೊನೆಯವನನ್ನು ನೀನು ನೋಡು, ಕಣ್ಣು ತೆಗೆಯಬೇಡ ಎಂದು ಮಾಸ್ತರರು ಹೇಳಿದರು. ನೋಡಿದೆ. ನಾವು ಹೊರಟ ಬದಿಯಲ್ಲಿ ಒಬ್ಬನೇ ಉಳಿದಿದ್ದ ಮಹಾಬಲಣ್ಣ ಬಿಡುವು ಸಿಕ್ಕಿತೆಂದು ಹಗ್ಗವನ್ನು ಅಂಗೈಯಿಂದ ಮೊಣಕೈಗೆ ನೀಟಾಗಿ ಸುತ್ತಿ ಕೋಟಿನೊಳಗೆ ಸೇರಿಸುತ್ತಿದ್ದ.

"ಹ್ವಾಯ್ ಮಾಬಲಣ್ಣ, ಹಗ್ಗ ಬಿಡಿ!" ಎಂದು ಕೂಗಿದೆ.

"ನೆಲಕ್ಕ್ ಎಳ್ಕಂಡ್ ಬಪ್ಪುಕೆ ನಾನೆಂತ ಗೂಟ ಕಿತ್ತ್ ಬಂದ ದನವಾ?" ಎಂದು ಅವನೂ ಕೂಗಿ, ಇಳಿಜಾರಿಗೆ ಕಾಲಿಟ್ಟ.

ಅರ್ಧ ದಾರಿ ಬಂದಿದ್ದ. ಹಿಮದೊಳಗಿನಿಂದ, ಸಮಾರಾಧನೆಯಲ್ಲಿ ಉಂಡು ಗೋಡೆಗೊರಗಿದವರು ಉಸಿರು ಬಿಟ್ಟ ಹಾಗೆ, 'ಹುಮ್' ಎಂದು ಒಂದು ಶಬ್ದ ಬಂತು. ಅವನ ತಲೆಯ ಮೇಲ್ಗಡೆ, ಹಪ್ಪಳ ಮುರಿದ ಹಾಗೆ ಒಂದು ಗೆರೆ ಬಿಟ್ಟಿತು. ಆಮೇಲೆ ಇಡೀ ಇಳಿಜಾರು ಹೊರಟಿತು. ಓಡಲಿಲ್ಲ, ಧಾವಿಸಲಿಲ್ಲ, ಒಟ್ಟಿಗೆ ಹೊರಟಿತು, ಅಷ್ಟೇ. ಅವನ ಟೋಪಿ ಕಂಡಿತು, ಒಂದು ಕೈ ಕಂಡಿತು, ಕುಳ್ಳ ಮರವೊಂದರ ಎಡಗಡೆ ಆ ಕೈಯೂ ಕಾಣದಾಯಿತು. ಎಲ್ಲ ನಿಂತಾಗ ಕೇಳಿದ ನಿಶ್ಶಬ್ದವನ್ನು ನಾನು ಈಗಲೂ ಕೆಲವು ಮಧ್ಯಾಹ್ನ ಕೇಳುತ್ತೇನೆ. ಕಣ್ಣು ತೆಗೆಯಲಿಲ್ಲ. ಬೆರಳು ಚಾಚಿ, ಆ ಮರ, ಮರದ ಎಡಗಡೆ, ಎಂದು ಹೇಳುತ್ತಲೇ ಇದ್ದೆ. ಕನ್ನಡದಲ್ಲಿ ಹೇಳುತ್ತಿದ್ದೆನೆಂದು ಆಮೇಲೆ ತಿಳಿಯಿತು. ಬೆರಳಿಗೆ ಭಾಷೆ ಬೇಕಾಗಲಿಲ್ಲ.

ಮಾಸ್ತರರು ಮರದಿಂದ ನೇರ ಕೆಳಕ್ಕೆ ನೋಡುತ್ತ ಇಳಿದರು. ಕೆಂಪು ಹಗ್ಗ ಎಲ್ಲೂ ಇಲ್ಲ. ಅದು ಕೋಟಿನೊಳಗೆ ಸುರಕ್ಷಿತವಾಗಿತ್ತು. ಆದರೆ ಹಿಮದ ಹೆಂಟೆಗಳ ನಡುವೆ, ಆ ಬಿಳಿಯ ಲೋಕದಲ್ಲಿ, ಜುಟ್ಟು ಬಿಟ್ಟುಕೊಂಡು ಒಂದು ತೆಂಗಿನಕಾಯಿ ಕೂತಿತ್ತು. ಸ್ವಲ್ಪ ಕೆಳಗೆ ಇನ್ನೊಂದು. ಚೀಲದ ಬಾಯಿ ಬಿಚ್ಚಿ ಹಗುರವಾದದ್ದು ಮೇಲೆ ತೇಲಿತ್ತು. ಎರಡನೆಯ ಕಾಯಿಯ ಸುತ್ತ ಎಲ್ಲರೂ ಕೈಯಲ್ಲಿದ್ದ ಊರುಗೋಲು ಚುಚ್ಚತೊಡಗಿದೆವು. ನನ್ನ ಕೋಲು ಒಂದು ಕಡೆ 'ಠಣ್' ಎಂದಿತು. ನನ್ನ ಜನ್ಮದಲ್ಲಿ ಕೇಳಿದ ಅತಿ ಮಧುರವಾದ ಸಂಗೀತ ದೋಸೆ ಕಾವಲಿಯದ್ದು. ಸಲಿಕೆ, ತಟ್ಟೆ, ಹಲಗೆ, ಉಗುರು, ಸಿಕ್ಕಿದ್ದರಲ್ಲಿ ಅಗೆದೆವು. ಮುಖ ಹೊರಬಂದಾಗ ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಮಾಸ್ತರರು ಬಾಯಿಯಿಂದ ಹಿಮ ತೆಗೆದು ಕೆನ್ನೆಗೆ ಹೊಡೆದರು. ಕಣ್ಣು ಬಿಟ್ಟು, ನನ್ನನ್ನು ಗುರುತು ಹಿಡಿದು, ಮಹಾಬಲಣ್ಣ ಆಡಿದ ಮೊದಲ ಮಾತು: "ಕಾಯಿ ಎಷ್ಟ್ ಸಿಕ್ಕ್ತ್?"

ಆ ಚಳಿಗಾಲವೇ ನಾನು ಊರಿಗೆ ಬಂದೆ. ತಾಯಿ ಹೆದರಬಾರದೆಂದು, ಅಲ್ಲಿ ಸ್ವಲ್ಪ ಚಳಿ ಜಾಸ್ತಿ, ಎಂದಷ್ಟೇ ಹೇಳಿದೆ. ಮದುವೆಯಾಯಿತು, ಮಗಳಾದಳು. ಕಳೆದ ವರ್ಷ ಮಹಾಬಲಣ್ಣ ಕುಂದಾಪುರದಲ್ಲಿ ಹೋಟೆಲು ತೆರೆದ. ತಿಂಗಳೊಳಗೆ ಊರಿಗೆಲ್ಲ ಕತೆ ಗೊತ್ತಾಯಿತು, ಹೂತುಹೋದವನ ಜಾಗದಲ್ಲಿ ನನ್ನನ್ನು ಕೂರಿಸಿ.

ನಾನು ಮನೆಯಲ್ಲಿ ನಿಜ ಹೇಳಿದೆ. ತಾಯಿ ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ನಿಂಗಾದ್ದಲ್ದಿದ್ರೆ ಇಷ್ಟ್ ವರ್ಷ ಎಂತಕೆ ಮುಚ್ಚಿಟ್ಟೆ ಮಗಾ?" ಎಂದಳು. ಅವಳು ಮೊರ ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ಹೆಂಡತಿ ಸರೋಜ ಎರಡನೆಯ ಸಾಕ್ಷ್ಯ ಮುಂದಿಟ್ಟಳು. "ಹೂತ್ ಹೋದವ್ರಲ್ದಿದ್ರೆ ಸಂಕದ ಹತ್ರ ಹಾಂಗ್ ಮಾಡ್ತಿದ್ರ್ಯಾ?" ನಮ್ಮ ಮನೆಗೆ ಬರುವ ದಾರಿಯಲ್ಲಿ ತೋಡಿಗೆ ಅಡ್ಡ ಹಾಕಿದ ಮರದ ಸಂಕವಿದೆ, ಒಬ್ಬರು ದಾಟುವಷ್ಟು ಸಪೂರದ ಕಾಲುಸೇತುವೆ. ಮೊದಲು ಮಗಳು ದಾಟಬೇಕು, ಅವಳು ಆಚೆ ಮುಟ್ಟಿದ ಮೇಲೆ ಸರೋಜ, ಅಲ್ಲಿಯವರೆಗೆ ನಾನು ಕಣ್ಣು ಮಿಟುಕಿಸದೆ ನಿಂತಿರುತ್ತೇನೆ. ಬೇಸಿಗೆಯಲ್ಲಿ, ತೋಡಿನಲ್ಲಿ ನೀರಿಲ್ಲದಾಗಲೂ. ಬಣವೆ ಕುಸಿದೀತೆಂದು ಹುಲ್ಲು ಕುತ್ರಿಯ ಬುಡದಲ್ಲಿ ಯಾರನ್ನೂ ಕೂರಗೊಡುವುದಿಲ್ಲ. ಮದುವೆಮನೆಗೆ ಗದ್ದೆಯಂಚಿನಲ್ಲಿ ಹೋಗುವಾಗ ನಡುನಡುವೆ ಅಂತರ ಬಿಡಿಸುತ್ತೇನೆ. ನಾವು ಮೂವರು ಬಂದರೆ ಮೂರು ಮನೆಯವರು ಬಂದರೆಂದು ಜನ ತಿಳಿಯುತ್ತಾರಂತೆ. "ಮಾಬಲಣ್ಣನ್ ಕಾಣಿ, ಸಂಕದ್ ಮೇಲೆ ಕುಣ್ಕಂಡ್ ಹೋತ್ರ್. ಹೆದ್ರಿಕಿ ಇದ್ದದ್ದ್ ಯಾರಿಗೆ?" ಎಂದಳು. ನೋಡಿದವನು ಹೆದರಿದ್ದಾನೆ, ಹೂತುಹೋದವನಿಗೆ ನೋಡಲು ಆಗಲಿಲ್ಲ, ಎಂಬ ನನ್ನ ವಾದ ಅಡುಗೆಮನೆಯ ಹೊಗೆಯಲ್ಲಿ ಹೋಯಿತು. ಮುಂದಿನ ಸೋಮವಾರ ಮಹಾಬಲಣ್ಣನನ್ನು ಊಟಕ್ಕೆ ಕರೆದು ಶಾಲು ಹೊದಿಸುವುದೆಂದೂ, ಆಮೇಲೆ ಶಂಕರನಾರಾಯಣದ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸುವುದೆಂದೂ ತಾಯಿ ನಿಶ್ಚಯಿಸಿದಳು.

ನಾನು ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆ. ಮಹಾಬಲಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ನನ್ನನ್ನು ಕಂಡದ್ದೇ ಒಳಕೋಣೆಗೆ ಎಳೆದುಕೊಂಡು ಹೋದ.

"ಬೈಬೇಡ ಮಾರಾಯ. ಆವತ್ತ್ ಮುಂಬಯಿಂದ ಯಾರೋ ಬಂದವ್ರ್ ಕುಂದಾಪ್ರದವ್ನೊಬ್ಬ ಐಸಿನಡಿ ಸಿಕ್ಕಿದ ಅಂತ ನಮ್ಮನಿಲಿ ಹೇಳ್ರ್. ನನ್ನ ಹೆಂಡ್ತಿ ಆಗ ಬಸುರಿ. ಅನ್ನ ನೀರ್ ಬಿಟ್ಟ್ ಕೂತಿದ್ಲ್. ಅದ್ ನಾನಲ್ಲ, ಅನಂತ ಅಂದೆ. ಬೇರೆ ಯಾರ್ ಹೆಸ್ರ್ ಹೇಳೂದ್? ಅಲ್ಲಿ ಇದ್ದದ್ದೇ ನಾವಿಬ್ರ್."

"ಅಗೆದು ತೆಗೆದದ್ದು ನೀವು ಅಂತ ಯಾಕೆ ಹೇಳಿದ್ರಿ?"

"ಹಾಂಗಾರೆ ನಿನ್ನ ಅಲ್ಲೇ ಬಿಟ್ಟ್ ಬಪ್ಪುದಾ?" ಎಂದು ಅವನು ನಿಜವಾಗಿ ನೊಂದುಕೊಂಡ. "ಈಗ ತಿರ್ಗ್ಸಿ ಹೇಳ್ರೆ ಅವ್ಳ್ ನಾ ಹೇಳಿದ್ದ್ ಯಾವ್ದನ್ನೂ ನಂಬೂದಿಲ್ಲೆ. ನಿಂಗೆಂತ, ನಿಮ್ಮನಿಲಿ ಹ್ಯಾಂಗೂ ನಿನ್ನ ಮಾತ್ ಯಾರೂ ಕೇಂತಿಲ್ಲೆ ಅಲ್ದಾ?"

ಇದು ಅವನಿಗೆ ಹೇಗೆ ಗೊತ್ತಾಯಿತೋ. ಎರಡು ಗೋಳಿಬಜೆ ತಿಂದು, ಚಾ ಕುಡಿದು, ಮನೆಗೆ ಬಂದೆ.

ಸೋಮವಾರ ಅವನು ಹೆಂಡತಿಯೊಂದಿಗೆ ಬಂದ. ಸಂಕದ ಮೇಲೆ ಕುಣಿದುಕೊಂಡೇ ಬಂದ. ಕಾಲು ತೊಳೆಯಲು ತಾನೇ ಬಾವಿಯಿಂದ ನೀರು ಸೇದಿದ. ತಾಯಿ ಶಾಲು ಹೊದಿಸಿ, "ನನ್ನ ಮಗನ್ನ ಉಳ್ಸಿ ಕೊಟ್ಟೆ ಮಾಬಲ" ಎಂದಾಗ ಅವನು ಬಗ್ಗಿಸಿದ ತಲೆ ಎತ್ತಲಿಲ್ಲ. ಎತ್ತಿದಾಗ ನನ್ನನ್ನೇ ನೋಡಿದ. ಕಣ್ಣು ತುಂಬಿತ್ತು. "ಅಮ್ಮ, ಇಂವ ಆವತ್ತ್ ಕಣ್ಣ್ ಮಿಟುಕ್ಸ್ಲಿಲ್ಲೆ" ಎಂದ. ನನಗೆ ಅಷ್ಟು ಸಾಕಾಯಿತು. ತಾಯಿಗೂ ಸಾಕಾಯಿತು. ಹಿಮದ ಅಡಿಯಲ್ಲೂ ನಾನು ಕಣ್ಣು ಬಿಟ್ಟುಕೊಂಡೇ ಇದ್ದೆನೆಂಬ ಹೊಸ ವಿವರ ಸಂಜೆಯೊಳಗೆ ಬೈಂದೂರು ಮುಟ್ಟಿತು.

ಅವರು ಹೋದ ಮೇಲೆ ತಾಯಿ ಅಂಗಳದಿಂದ ಕೂಗಿದಳು. "ಹ್ವಾಯ್ ಅನಂತ, ಬಾವಿ ಹಗ್ಗ ನೆಲಕ್ಕ್ ಬಿಟ್ಟದ್ದ್ ಯಾರ್? ಇಷ್ಟ್ ವಯಸ್ಸಾಯ್ತ್, ಬುದ್ಧಿ ಇಲ್ಯಾ?" ಹೊರಗೆ ಹೋಗಿ ನೋಡಿದೆ. ಹಗ್ಗ ಬಾವಿಕಟ್ಟೆಯಿಂದ ಜಗಲಿಯವರೆಗೆ ಉದ್ದಕ್ಕೂ ಚಾಚಿ ಬಿದ್ದಿತ್ತು, ಯಾರೋ ಬೇಕೆಂದೇ ಎಳೆದುಕೊಂಡು ಬಂದ ಹಾಗೆ. ಕಾಲು ತೊಳೆಯಲು ನೀರು ಸೇದಿದವನು ಯಾರೆಂದು ನನಗೆ ನೆನಪಿತ್ತು. ಅಂಗೈಯಿಂದ ಮೊಣಕೈಗೆ ಸುತ್ತಿ ಗೂಟಕ್ಕೆ ಹಾಕಿದೆ.

ಆ ದಿನ ಕಂಡವರಲ್ಲಿ ಕಲಿಯುವವರು ನಾಲ್ವರು ಎಲ್ಲೆಲ್ಲಿದ್ದಾರೋ ತಿಳಿಯದು. ಠಾಕೂರ್ ಮಾಸ್ತರರು ಅವರ ಬೆಟ್ಟದಲ್ಲಿ ಸುಖವಾಗಿದ್ದಾರೆಂದು ಕೇಳಿದ್ದೇನೆ, ಕನ್ನಡ ಬಾರದು. ಮಹಾಬಲಣ್ಣ ಗಟ್ಟಿಮುಟ್ಟಾಗಿದ್ದಾನೆ, ಆದರೆ ಅವನನ್ನು ಕಂಡವರ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅವನು ಕಂಡದ್ದು ಕತ್ತಲೆ ಮಾತ್ರ. ಇನ್ನು ಎಲ್ಲವನ್ನೂ ಕಣ್ಣಾರೆ ಕಂಡು ಈ ಊರಿನಲ್ಲಿ ಜೀವಂತ ಇರುವವನು ನಾನೊಬ್ಬನೇ. ಅದೂ, ನಮ್ಮ ಮನೆಯವರು ಹೇಳುವ ಪ್ರಕಾರ, ಮಹಾಬಲಣ್ಣನ ದಯೆಯಿಂದ.