ಜಗದೀಶನ ಬೈಕಿಗೆ ದೋಣಿಯ ಎಣ್ಣೆ

ಇನ್ನು ಮುಂದೆ ತನ್ನ ಬೈಕನ್ನು ಈ ಭೂಮಂಡಲದ ಯಾವ ಮೆಕ್ಯಾನಿಕನೂ ಮುಟ್ಟಕೂಡದು! ಹೀಗೆಂದು ಜಗದೀಶ ಘೋಷಿಸಿದ್ದು ಎರಡು ಸಾವಿರದ ಐದನೇ ಇಸವಿಯ ಮೇ ತಿಂಗಳ ಒಂದು ಸಂಜೆ, ಹೊನ್ನಾವರದ ತನ್ನ ಬಾಡಿಗೆ ಮನೆಯ ಅಂಗಳದಲ್ಲಿ ನಿಂತು. ಕೇಳಿಸಿಕೊಳ್ಳಲು ಅಲ್ಲಿದ್ದದ್ದು ಹೆಂಡತಿ ನೇತ್ರಾ ಮತ್ತು ಮನೆ ಮಾಲೀಕರ ಕೆಂಚು ಬೆಕ್ಕು. ನೇತ್ರಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬೆಕ್ಕು ಆಕಳಿಸಿತು.

ಜಗದೀಶನ ಸಿಟ್ಟಿಗೆ ಕಾರಣವಿತ್ತು. ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮಾಬ್ಲ ಅವನ ಬೈಕನ್ನು ಹನ್ನೊಂದು ದಿನ ಇಟ್ಟುಕೊಂಡಿದ್ದ. ಹನ್ನೊಂದು ದಿನ! ಹೆರಿಗೆಗೆ ಹೋದವರು ಕೂಡ ಅಷ್ಟರಲ್ಲಿ ಮಗುವಿನ ಸಮೇತ ಮನೆಗೆ ಬಂದಿರುತ್ತಾರೆ! ಹನ್ನೆರಡನೇ ದಿನ ಹೋಗಿ ನೋಡಿದರೆ ಬೈಕಿನ ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು.

"ಎಂತ ಮಾಬ್ಲಾ ಇದು?"

"ನೀವು ಬೇಗ ಬಂದ್ರಿ ಸಾಹೇಬ್ರೆ. ಇನ್ನೊಂದು ವಾರ ತಡೆದ್ರೆ ಮರಿ ಮಾಡ್ಸಿ ಕೊಡ್ತಿದ್ದೆ."

ಅದನ್ನೂ ಜಗದೀಶ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಮಾಬ್ಲ ಮುಂದುವರಿದು, "ಸಮುದ್ರದ ಗಾಳಿಗೆ ಪೂರಾ ತುಕ್ಕು ಬಂದದೆ. ನಿಮ್ಮ ಕೈಲಿ ನೋಡ್ಕೊಳ್ಳೂಕೆ ಆಗೂದಿಲ್ಲ, ತಿಂಗಳಿಗೊಮ್ಮೆ ಇಲ್ಲೇ ತನ್ನಿ" ಎಂದುಬಿಟ್ಟ. ಸಮುದ್ರದ ಗಾಳಿಯಂತೆ! ಬೆಳಕೆಯ ಕಡಲಂಚಿನಲ್ಲಿ ಹುಟ್ಟಿ, ದೋಣಿಯೊಳಗೇ ನಡೆಯಲು ಕಲಿತವನಿಗೆ, ಮೀನುಗಾರ ದುರ್ಗಪ್ಪನ ಮಗನಿಗೆ ಸಮುದ್ರದ ಗಾಳಿಯ ಬಗ್ಗೆ ಪಾಠ!

ಅದೂ ಅಲ್ಲದೆ ಇದೇನು ಆಫೀಸಿಗೆ ಹೋಗಿ ಬರುವ ಬಡಪಾಯಿ ಬೈಕೇ? ತಾಲ್ಲೂಕು ಕಚೇರಿಯ ಗುಮಾಸ್ತನಾದ ಜಗದೀಶ ಒಂದು ದಿನ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಪತ್ರಿಕೆಯೊಂದನ್ನು ತಿರುವಿ ಹಾಕುತ್ತಿದ್ದಾಗ ಒಂದು ಚಿತ್ರ ಕಂಡಿದ್ದ. ಮರಳುಗಾಡಿನ ನಡುವೆ ಒಂದು ಸಾಹಸಯಾತ್ರೆಯ ಬೈಕು. ಎರಡು ಕಡೆ ಪೆಟ್ಟಿಗೆ, ಮುಂದೆ ಗಾಜು, ಕೆಳಗೆ ಗಾರ್ಡು, ಹ್ಯಾಂಡಲ್ಲಿಗೆ ಕವಚ. ಅಂದೇ ಅವನು ತನ್ನ ಸೆಕೆಂಡ್ ಹ್ಯಾಂಡ್ ಬೈಕನ್ನು ಹಾಗೆಯೇ ಸಿಂಗರಿಸಿ ಲಡಾಖಿಗೆ ಹೋಗುವುದೆಂದು ತೀರ್ಮಾನಿಸಿದ. ಈವರೆಗೆ ಆ ಬೈಕು ಹೋದ ಅತಿ ದೂರದ ಸ್ಥಳ ಗೇರುಸೊಪ್ಪ. ಬರುವಾಗ ಟೆಂಪೋದಲ್ಲಿ ಬಂದಿತ್ತು.

ಅಷ್ಟರಲ್ಲಿ ನೇತ್ರಾಗೆ ಕುಮಟೆಯ ಹೈಸ್ಕೂಲೊಂದರಿಂದ ಸಂದರ್ಶನದ ಪತ್ರ ಬಂತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಆರು ವರ್ಷದಿಂದ ತಾತ್ಕಾಲಿಕ ಶಿಕ್ಷಕಿಯಾಗಿ, ಪ್ರತಿ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಳ್ಳುತ್ತ ಬಂದವಳು ಅವಳು. ಇದು ಕಾಯಂ ಕೆಲಸ. ಆ ಪತ್ರವನ್ನು ಅವಳು ದೇವರ ಗೂಡಿನಲ್ಲಿ ಇಟ್ಟಿದ್ದಳು.

"ಎಂಟೂವರೆ ಬಸ್ಸಿಗೆ ಹೋಗ್ತೆ" ಎಂದಳು.

"ಬಸ್ಸಾ? ಮನೇಲಿ ಇಂಥಾ ಬೈಕು ಇಟ್ಕೊಂಡು ಬಸ್ಸಾ? ಜನ ಎಂತ ಹೇಳೂದಿಲ್ಲ?"

"ಸುಪ್ರಿಯಾ ಮದುವೆಗೆ ಇದೇ ಬೈಕಲ್ಲಿ ಕರ್ಕೊಂಡು ಹೋದ್ರಿ. ನಾ ಹೋಗಿ ಮುಟ್ಟುವಾಗ ತಂಗಿ ತಾಳಿ ಕಟ್ಟಿಸ್ಕೊಂಡು, ಊಟ ಮಾಡಿ, ಗಂಡನ ಮನೆ ಜೀಪು ಹತ್ತಿದ್ಲು."

"ಅದು ಮಾಬ್ಲ ರಿಪೇರಿ ಮಾಡಿದ್ದು! ಈಗ ನಾನೇ ಮಾಡೂದು!"

"ಆತು. ಇದೇ ಕೊನೆ. ಈ ಸಲ ತಪ್ಪಿದ್ರೆ ನಿಮ್ಮ ಬೈಕು ಮಾವನ ದೋಣಿಗೆ ಲಂಗರು. ಒಪ್ಪಿಗೆಯಾ?"

"ಒಪ್ಪಿಗೆ!"

ಒಂದು ವಾರ ಮನೆಯಂಗಳ ಹಡಗುಕಟ್ಟೆಯಾಯಿತು. ಐಸು ತುಂಬುವ ಎರಡು ಹಳೆಯ ಮೀನಿನ ಪೆಟ್ಟಿಗೆಗಳು ಕಪ್ಪು ಬಣ್ಣ ಬಳಿಸಿಕೊಂಡು ಬೈಕಿನ ಎಡಬಲಗಳಲ್ಲಿ ಪ್ರತಿಷ್ಠಾಪನೆಗೊಂಡವು. ಬಲೆ ತೇಲಲೆಂದು ಕಟ್ಟುವ ಪ್ಲಾಸ್ಟಿಕ್ ಬುಂಡೆಯನ್ನು ಎರಡು ಹೋಳು ಮಾಡಿ ಹ್ಯಾಂಡಲ್ಲಿನ ಕವಚ ಮಾಡಿದ. ಕಿಟಕಿ ಸರಳು ಮಾಡುವವನ ಕೈಯಲ್ಲಿ ಗಾರ್ಡು ಮಾಡಿಸಿದ. ಎಲ್ಲವನ್ನೂ ಬಲೆಯ ಹಗ್ಗದಿಂದ, ಅಪ್ಪ ಕಲಿಸಿದ ಗಂಟು ಹಾಕಿ ಬಿಗಿದ. ಘಟ್ಟದ ತಿರುವುಗಳಿಗೆಂದು ಗುಜರಿಯಿಂದ ಒಂದು ಹಾರ್ನು ಆರಿಸಿ ತಂದ. ಅದರ ಪೊಂಯ್ ಪೊಂಯ್ ದನಿ ದಿನಾ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ನೇತ್ರಾಗೆ ಅನ್ನಿಸಿತು. ಎಲ್ಲಿ ಎಂಬುದು ನೆನಪಾಗಲಿಲ್ಲ.

ಉಳಿದದ್ದು ತುಕ್ಕು. ಮಾಬ್ಲನ ಆ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿತ್ತು. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಜಗದೀಶನಿಗೆ ಜ್ಞಾನೋದಯವಾಯಿತು. ಅಪ್ಪನ ದೋಣಿ ಮೂವತ್ತು ವರ್ಷದಿಂದ ಉಪ್ಪು ನೀರಿನಲ್ಲೇ ಬಿದ್ದುಕೊಂಡಿದೆ. ಏನಾಗಿದೆ ಅದಕ್ಕೆ? ಏನೂ ಆಗಿಲ್ಲ! ಯಾಕೆ ಆಗಿಲ್ಲ? ವರ್ಷಕ್ಕೊಮ್ಮೆ ದಡಕ್ಕೆಳೆದು ಮೀನೆಣ್ಣೆ ಬಳಿಯುತ್ತಾರೆ. ಬೈಕು ಮಾಡುವ ಕಂಪನಿಯ ಅಷ್ಟೂ ಇಂಜಿನಿಯರುಗಳಿಗೆ ಹೊಳೆಯದ ಈ ಗುಟ್ಟು ಬೆಳಕೆಯ ಮನೆಯ ಹಿಂದೆ ಡಬ್ಬಿಯಲ್ಲಿ ಕೂತಿದೆ!

ಶನಿವಾರ ಬಸ್ಸಿನಲ್ಲಿ ಬೆಳಕೆಗೆ ಹೋಗಿ ಐದು ಲೀಟರಿನ ಡಬ್ಬಿ ಎತ್ತಿಕೊಂಡ. ತಾಯಿ ತಿಮ್ಮಿ ಬಾಗಿಲಲ್ಲೇ ತಡೆದಳು.

"ಎಂತಕ್ಕೆ ತಮಾ?"

"ಬೈಕಿಗೆ ಬಳಿಯೂಕೆ."

ತಿಮ್ಮಿ ಸೊಂಟಕ್ಕೆ ಕೈ ಇಟ್ಟುಕೊಂಡು ನಕ್ಕಳು. "ದೋಣಿ ಮರದ್ದು ತಮಾ, ನಿನ್ನ ಬೈಕು ಕಬ್ಬಿಣದ್ದು. ಮತ್ತೆ ದೋಣಿ ನೀರಲ್ಲಿ ಇರ್ತದೆ, ಊರ ಮಧ್ಯ ಓಡೂದಿಲ್ಲ."

"ನಿಂಗೆ ತಿಳೂದಿಲ್ಲ ಅಬ್ಬೆ."

ತಿಮ್ಮಿ ಅರವತ್ತು ವರ್ಷ ಆ ಎಣ್ಣೆಯ ಪಕ್ಕದಲ್ಲೇ ಬಾಳಿದವಳು. ಅವಳಿಗೆ ತಿಳಿಯುವುದಿಲ್ಲವಂತೆ!

ಅಂದು ಸಂಜೆಯೊಳಗೆ ಚೈನು, ಗಾರ್ಡು, ಚಕ್ರದ ಕಡ್ಡಿ, ಸೈಲೆನ್ಸರು, ಪೆಟ್ಟಿಗೆಗಳ ಸಂದು, ಎಲ್ಲಕ್ಕೂ ಎರಡೆರಡು ಕೈ ಎಣ್ಣೆ ಬಿತ್ತು. ಬೈಕು ಮಿರಮಿರ ಮಿಂಚಿತು. ನೇತ್ರಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

"ಎಂತ ವಾಸನೆ ಇದು?"

"ಇಂಜಿನಿಯರಿಂಗ್!"

ಭಾನುವಾರ ಬೆಳಗಾಗುವಾಗ ಬೈಕಿನ ಸುತ್ತ ಒಂಬತ್ತು ಬೆಕ್ಕುಗಳಿದ್ದವು. ಮಾಲೀಕರ ಕೆಂಚು ಬೆಕ್ಕು ಸೀಟಿನ ಮೇಲೆ ಅಧ್ಯಕ್ಷತೆ ವಹಿಸಿತ್ತು. ಉಳಿದವು ಚಕ್ರ ನೆಕ್ಕುತ್ತಿದ್ದವು. ಕಾಂಪೌಂಡಿನ ಮೇಲೆ ಕಾಗೆಗಳು ತಮ್ಮ ಸರದಿಗೆ ಕಾದಿದ್ದವು. ಮಾಲೀಕರು ಕಿಟಕಿ ತೆರೆದು ಪಟಾರನೆ ಮುಚ್ಚಿದರು. ಮನುಷ್ಯ ಬಾಯಿಬಿಟ್ಟು ಬೈದರೆ ಉತ್ತರ ಕೊಡಬಹುದು, ಕಿಟಕಿಗೆ ಏನು ಉತ್ತರ ಕೊಡುವುದು?

ಇಡೀ ದಿನ ಸೋಪಿನ ಪುಡಿ, ಲಿಂಬೆಹಣ್ಣು, ಮತ್ತೆ ಸೋಪಿನ ಪುಡಿ. ಕೊನೆಗೆ ಹ್ಯಾಂಡಲ್ಲಿಗೆ ಒಂದು ಕಟ್ಟು ಊದುಬತ್ತಿ ಸಿಕ್ಕಿಸಿ ಹಚ್ಚಿದ. ಸೋಮವಾರ ಬೆಳಗಿನ ತಂಪಿನಲ್ಲಿ ಬೈಕು ದೇವಸ್ಥಾನದ ಹಾಗೆ ಪರಿಮಳ ಬೀರುತ್ತಿತ್ತು. ನೇತ್ರಾ ಹತ್ತಿರ ಬಂದು ಮೂಸಿದಳು, ದೂರ ಹೋಗಿ ಮೂಸಿದಳು, ಆಮೇಲೆ ತನ್ನ ಸರ್ಟಿಫಿಕೇಟುಗಳ ಫೈಲಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಎಡಗಡೆಯ ಪೆಟ್ಟಿಗೆಯಲ್ಲಿಟ್ಟಳು. ಜಗದೀಶ ಎರಡೂ ಪೆಟ್ಟಿಗೆಗಳ ಮುಚ್ಚಳಕ್ಕೆ ಹಗ್ಗ ಬಿಗಿದ. ಬಲಗಡೆಯದರೊಳಗೆ ನೋಡಲಿಲ್ಲ. ಖಾಲಿ ಪೆಟ್ಟಿಗೆಯೊಳಗೆ ನೋಡುವುದೇನಿದೆ!

ಒಂಬತ್ತಕ್ಕೆ ಸರಿಯಾಗಿ ಹೊರಟರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ ನೇತ್ರಾ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕರ್ಕಿ ದಾಟುವವರೆಗೆ ಜಗದೀಶ ರಾಜಾಧಿರಾಜ. ಆಮೇಲೆ ಬಿಸಿಲೇರಿತು, ಇಂಜಿನ್ನು ಕಾಯಿತು. ಸಂದುಗೊಂದುಗಳಲ್ಲಿ ಅಡಗಿದ್ದ ಎಣ್ಣೆ ಕರಗಿ ಸೈಲೆನ್ಸರಿನ ಮೇಲೆ ತೊಟ್ಟಿಕ್ಕಿ ಚುಂಯ್‌ಗುಟ್ಟತೊಡಗಿತು. ಊದುಬತ್ತಿಯ ಪರಿಮಳ ಓಡಿಹೋಯಿತು. ಹೆದ್ದಾರಿಯ ಉದ್ದಕ್ಕೂ ಮೀನು ಹುರಿಯುವ ವಾಸನೆ ಹರಡಿತು.

"ಹೋಯ್, ಹಿಂದೆ ನಾಯಿ ಬತ್ತಾ ಅದೆ" ಎಂದಳು ನೇತ್ರಾ.

"ನಾಯಿ ಅಂದಮೇಲೆ ಬರ್ತದೆ."

"ಒಂದಲ್ಲ."

ಹಳದೀಪುರ ಬಂದಾಗ ಐದು ನಾಯಿಗಳಾಗಿದ್ದವು. ಆರನೆಯದೊಂದು ಎದುರಿಗೇ ನಿಂತಿತು. ಜಗದೀಶ ಹಾರ್ನು ಒತ್ತಿದ. ಪೊಂಯ್! ನಾಯಿ ಸರಿಯಿತು, ಹಾರ್ನು ನಿಲ್ಲಲಿಲ್ಲ. ಪೊಂಯ್ ಪೊಂಯ್ ಪೊಂಯ್! ಬಡಿದರೂ ನಿಲ್ಲಲಿಲ್ಲ, ಬೈದರೂ ನಿಲ್ಲಲಿಲ್ಲ. ಅವನು ಬೈಕನ್ನು ರಸ್ತೆ ಬದಿಗೆ ತಂದ. ಅಷ್ಟರಲ್ಲಿ ಎರಡೂ ಕಡೆಯ ಮನೆಗಳಿಂದ ಹೆಂಗಸರು ತಟ್ಟೆ, ಪಾತ್ರೆ ಹಿಡಿದುಕೊಂಡು ಓಡಿ ಬಂದರು. ಆಗ ನೇತ್ರಾಗೆ ಆ ದನಿ ಎಲ್ಲಿ ಕೇಳಿದ್ದೆಂದು ನೆನಪಾಯಿತು. ಪ್ರತಿದಿನ ಬೆಳಿಗ್ಗೆ, ಮನೆ ಬಾಗಿಲಿಗೆ ಮೀನಿನವ ಬಂದಾಗ!

"ಎಂತ ಮೀನು ಅದೆ ಅಣ್ಣಾ?" ಎಲ್ಲರಿಗಿಂತ ಮುಂದೆ ಬಂದ ಮುದುಕಿ ಕೇಳಿದಳು. ಉಳಿದವರು ಅವಳನ್ನು ಮಾದೇವಕ್ಕ ಎನ್ನುತ್ತಿದ್ದರು.

"ಮೀನಿಲ್ಲ!"

"ಇಷ್ಟು ಬೇಗ ಖಾಲಿ ಆತಾ? ಘಮಾ ಅಂತ ವಾಸನೆ ಬತ್ತದೆ."

"ನಾನು ಮೀನಿನವ ಅಲ್ಲ! ಇದು ಲಡಾಖಿಗೆ ಹೋಗೂ ಬೈಕು!"

"ಎಲ್ಲಿಗಾದ್ರೂ ಹೋಗು ಮಾರಾಯಾ. ನಮಗೆ ನಾಲ್ಕು ಬಂಗಡೆ ಕೊಟ್ಟು ಹೋಗು."

ಹಿಂದಿನಿಂದ ಇನ್ನೊಬ್ಬಳು ದನಿ ಏರಿಸಿದಳು. "ಒಳ್ಳೇ ಮೀನೆಲ್ಲ ಬೇರೆ ಊರವ್ರಿಗೆ ಇಟ್ಟದ್ದು! ನಾವು ತಿನ್ನೂದು ಬ್ಯಾಡ್ವಾ?"

ಅನ್ಯಾಯ! ಸರಕಾರಿ ನೌಕರನ ಮೇಲೆ ನಡುರಸ್ತೆಯಲ್ಲಿ ಮೀನು ಬಚ್ಚಿಟ್ಟ ಆರೋಪ! ಜಗದೀಶನ ಮೈ ಉರಿದುಹೋಯಿತು. "ನೋಡಿ! ಎಲ್ಲಾರೂ ನೋಡಿ!" ಎಂದು ಬಲಗಡೆಯ ಪೆಟ್ಟಿಗೆಯ ಹಗ್ಗ ಕಿತ್ತು ಮುಚ್ಚಳ ತೆಗೆದ.

ಒಳಗಿನಿಂದ ಮಾಲೀಕರ ಕೆಂಚು ಬೆಕ್ಕು ನಿಧಾನವಾಗಿ ತಲೆ ಎತ್ತಿತು. ಒಮ್ಮೆ ಹಳದೀಪುರವನ್ನು ನೋಡಿತು. ಆಮೇಲೆ ಮೀಸೆ ನೆಕ್ಕಿಕೊಂಡಿತು.

"ಅಯ್ಯಯ್ಯೋ! ಪೂರಾ ಮೀನು ಬೆಕ್ಕಿನ ಬಾಯಿಗೆ ಹಾಕ್ದ್ಯಲ್ಲೋ!" ಎಂದು ಮಾದೇವಕ್ಕ ತಲೆಗೆ ಕೈ ಹಚ್ಚಿದಳು.

ನಗು, ಬೈಗುಳ, ನಾಯಿ, ಅದರ ಮೇಲೆ ಪೊಂಯ್ ಪೊಂಯ್. ತಾಳಲಾರದೆ ಜಗದೀಶ ಹಾರ್ನಿನ ತಂತಿಯನ್ನು ಹಿಡಿದು ಎಳೆದ. ಹಾರ್ನು ನಿಂತಿತು. ಬೈಕೂ ನಿಂತಿತು! ದೀಪ, ಹಾರ್ನು, ಇಂಜಿನ್ನು ಎಲ್ಲವನ್ನೂ ಒಂದೇ ತಂತಿಗೆ ಜೋಡಿಸಿದ್ದು ಅವನದೇ ಸ್ವಂತ ಇಂಜಿನಿಯರಿಂಗ್. ಇಪ್ಪತ್ತು ಸಲ ಕಿಕ್ ಹೊಡೆದ. ಕುಮಟೆಯ ಬಸ್ಸೊಂದು ಬಾಗಿಲವರೆಗೆ ತುಂಬಿಕೊಂಡು, ನೇತ್ರಾ ಕೈ ಮಾಡಿದರೂ ನಿಲ್ಲದೆ ಹೋಯಿತು. ಅವಳು ವಾಚು ನೋಡಿಕೊಂಡಳು. ಹತ್ತಕ್ಕೆ ಹತ್ತು ನಿಮಿಷ. ಎಡಗಡೆಯ ಪೆಟ್ಟಿಗೆಯಿಂದ ಫೈಲು ತೆಗೆದು ಎದೆಗೆ ಅವಚಿಕೊಂಡು ನಿಂತಳು. ಕಣ್ಣಲ್ಲಿ ನೀರಿತ್ತು. ಜಗದೀಶನಿಗೆ ಮೊದಲ ಬಾರಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಆಗಲೇ ದೂರದಲ್ಲಿ ಕೇಳಿಸಿತು, ಪೊಂಯ್ ಪೊಂಯ್. ಅಸಲಿ ಮೀನಿನವ ತನ್ನ ಹಳೆಯ ಮೊಪೆಡ್ಡಿನಲ್ಲಿ ಬಂದ; "ಬೀರ ಬಂದ!" ಎಂದು ಹೆಂಗಸರು ಕೂಗಿದರು. ತನ್ನ ಗಿರಾಕಿಗಳೆಲ್ಲ ಬೇರೊಂದು ಗಾಡಿ ಸುತ್ತ ನಿಂತದ್ದನ್ನು ಕಂಡು ಮುಖ ಗಂಟಿಕ್ಕಿಕೊಂಡ. ಹತ್ತಿರ ಬಂದು ಮೂಗೆಳೆದ.

"ಎಂತ ಹಾಕಿದ್ರಿ ಇದಕ್ಕೆ?"

"ಮೀನೆಣ್ಣೆ" ಎಂದ ಜಗದೀಶ, ಸಣ್ಣ ದನಿಯಲ್ಲಿ.

"ಗಾಡಿಗಾ? ನಾ ಹದಿನೈದು ವರ್ಷದಿಂದ ಮೀನು ಮಾರ್ತೆ. ಒಂದಿನ ನನ್ನ ಗಾಡಿ ಹೀಂಗೆ ನಾತ ಹೊಡೀಲಿಲ್ಲ."

ನೇತ್ರಾ ಮುಂದೆ ಬಂದಳು. "ಬೀರಣ್ಣಾ, ಹತ್ತೂವರೆಗೆ ಕುಮಟೆ ಶಾಲೇಲಿ ನಂಗೆ ಇಂಟರ್‌ವ್ಯೂ ಅದೆ."

"ಶಾಲೆ ಅಕ್ಕೋರ ಕೆಲಸಕ್ಕಾ?" ಬೀರ ಮೀನಿನ ಪೆಟ್ಟಿಗೆಯ ಹಗ್ಗ ಬಿಚ್ಚಿದ. ಪೆಟ್ಟಿಗೆಯನ್ನು ಜಗದೀಶನ ಮುಂದೆ ಇಳಿಸಿ, ಸೀಟನ್ನು ಒಗೆದ ಟವೆಲ್ಲಿನಿಂದ ಎರಡು ಸಲ ಒರೆಸಿದ. "ಹತ್ತಿ ಅಕ್ಕೋರೆ. ಮಾದೇವಕ್ಕಾ, ಇವ್ರ ಹತ್ರ ಮೀನು ತಗಳಿ, ನಾ ಹೋಗಿ ಬತ್ತೆ."

ಮುಂದಿನ ಒಂದು ಗಂಟೆ ತಾಲ್ಲೂಕು ಕಚೇರಿಯ ಗುಮಾಸ್ತ ಜಗದೀಶ ಹಳದೀಪುರದ ರಸ್ತೆ ಬದಿಯಲ್ಲಿ ಬಂಗಡೆ ಹಂಚಿದ. ಸಣ್ಣದು ಕೊಟ್ಟ ಎಂದು ಇಬ್ಬರು ಜಗಳ ತೆಗೆದರು. ಬೆಕ್ಕಿಗೆ ಮಾದೇವಕ್ಕ ಒಂದು ಇಡೀ ಮೀನು ಹಾಕಿದಳು. ಬೀರ ವಾಪಸು ಬಂದು ಎರಡು ತಂತಿ ಸೇರಿಸಿ ತಿರುಪಿದ, ಬೈಕು ಒಂದೇ ಕಿಕ್ಕಿಗೆ ಶುರುವಾಯಿತು. ಜಗದೀಶ ನೇರವಾಗಿ ಮಾಬ್ಲನ ಗ್ಯಾರೇಜಿಗೆ ಹೋಗಿ ಬೈಕು ನಿಲ್ಲಿಸಿದ. ಕೋಳಿಗಳು ಕೂಗುತ್ತ ದೂರ ಓಡಿದವು.

"ಎಷ್ಟು ದಿನಕ್ಕೆ ಬೇಕು ಸಾಹೇಬ್ರೆ?"

"ನಿಂಗೆ ಬೇಕಾದಷ್ಟು ದಿನ ಇಟ್ಕೊ" ಎಂದು ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ನಡೆದು ಮನೆಗೆ ಬಂದ.

ಸಂಜೆ ನೇತ್ರಾ ಬಸ್ಸಿನಲ್ಲಿ ಬಂದಳು. ಜಗದೀಶ ಬಾಗಿಲಲ್ಲೇ ನಿಂತಿದ್ದ.

"ಆತು" ಎಂದಳು ನೇತ್ರಾ. "ಜೂನ್ ಒಂದಕ್ಕೆ ಹಾಜರಾಗೂಕೆ ಹೇಳಿದ್ರು."

ಜಗದೀಶನಿಗೆ ಹೋದ ಜೀವ ಬಂತು. ಜೀವ ಬಂದ ಕೂಡಲೇ ಹಳೆಯ ಜಂಬವೂ ಅದರ ಹಿಂದೆಯೇ ಬಂತು. "ನೋಡಿದ್ಯಾ! ಬೈಕಲ್ಲಿ ಹೊರಟದ್ದಕ್ಕೇ ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಹೆಂಗೆ ಬಂದ್ರಿ ಅಂತ ಕೇಳ್ಲಿಲ್ವಾ ಅವ್ರು?"

"ಕೇಳಿದ್ರು. ಫೈಲು ಬಿಚ್ಚಿದ ಕೂಡ್ಲೆ ಮೂವರೂ ಕರ್ಚೀಫು ತೆಗೆದು ಅದನ್ನೇ ಮೊದ್ಲು ಕೇಳಿದ್ದು."

"ನೀ ಎಂತ ಹೇಳ್ದೆ?"

"ಇದ್ದದ್ದು ಇದ್ದ ಹಾಗೇ ಹೇಳ್ದೆ" ಎಂದು ನೇತ್ರಾ ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಟ್ಟಳು. "ಹಳದೀಪುರದವರೆಗೆ ಮೀನಿನ ಗಾಡಿಲಿ ಬಂದೆ, ಅಲ್ಲಿಂದ ಬೀರಣ್ಣನ ಮೊಪೆಡ್ಡಲ್ಲಿ ಬಂದೆ ಅಂದೆ."