ಕೆಸ್ಲರನ ಬೀಗ, ಹೆಲ್ಚಾ ಅತ್ತೆಯ ಹಿಟ್ಟು

ಅಕ್ಟೋಬರ್ ಕೊನೆಯಲ್ಲಿ ಟ್ರೆಂಟ್ ಕೆಸ್ಲರ್ ಆಷ್ ಹಿಲ್ ಊರಿನಲ್ಲಿ ತಾನು ಬಾಡಿಗೆಗೆ ಕೊಟ್ಟಿದ್ದ ಮನೆಗೆ ಬಂದು, ಮನೆಯ ಬಿಸಿ ಹೆಚ್ಚುಕಡಿಮೆ ಮಾಡಲು ಹಜಾರದ ಗೋಡೆಯಲ್ಲಿದ್ದ ಥರ್ಮೋಸ್ಟಾಟಿನ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆ ಕೂರಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿಕೊಂಡು ಹೋದ. ಮನೆಯಲ್ಲಿದ್ದವರು ಇಬ್ಬರು. ಕೆಳಗೆ ಹೆಲ್ಚಾ ಸೊರೋಕಾ, ಮೇಲೆ ಕ್ಲೆಮ್ ಡಗರ್ಟಿ. ಇಬ್ಬರಿಗೂ ಎಪ್ಪತ್ತು ದಾಟಿತ್ತು.

ಡಿಸೆಂಬರಿನಲ್ಲಿ ಅದೇ ಕೆಸ್ಲರ್ ಎಮಿಲ್ ಹುಡಾಕನಿಗೆ ಫೋನು ಮಾಡಿದ. ಎಮಿಲ್ ಊರಿನ ಹೀಟರ್ ಮೆಕ್ಯಾನಿಕ್ಕು. ಹೋದ ವಾರವಷ್ಟೇ, ಹಳೆಯ ಗ್ಯಾಸ್ ಕುಲುಮೆಯ ಜೊತೆಗೆ ಮನೆ ಕಾಯಿಸಲೆಂದು, ಆ ಮನೆಯ ಹಿತ್ತಲಿನಲ್ಲಿ ಹೊಸ ಹೀಟ್ ಪಂಪು ಕೂರಿಸಿ ಬಂದಿದ್ದ.

"ಇವತ್ತು ಕಂಟ್ರೋಲು ಹಾಕಿ ಮುಗಿಸ್ಬಿಡು," ಅಂದ ಕೆಸ್ಲರ್. "ಕುಲುಮೆ ಹೊತ್ತಿದ್ರೆ ಗ್ಯಾಸಿನ ಬಿಲ್ಲು ನಂದು. ಪಂಪು ತಿರುಗಿದ್ರೆ ಕರೆಂಟಿನ ಬಿಲ್ಲು ಅವರದು. ಅರ್ಥ ಆಯ್ತಲ್ಲ?"

"ಆಯ್ತು."

"ಕುಲುಮೆ ಏಳೋ ಅಂಕೀನ ಸೊನ್ನೆಗಿಡು. ಫ್ಯಾರನ್‌ಹೀಟ್ ಸೊನ್ನೆ. ಉಗುಳಿದ್ರೆ ನೆಲ ಮುಟ್ಟೋ ಮೊದಲೇ ಗಟ್ಟಿಯಾಗೋ ಚಳಿ ಬರೋವರೆಗೂ ಆ ಕುಲುಮೆ ಏಳಬಾರದು. ಸಂಜೆ ಬಂದು ನೋಡ್ತೀನಿ. ಸರಿಯಾಗಿದ್ರೆ ನನ್ನ ಎಲ್ಲ ಮನೆಗಳ ಕೆಲಸವೂ ನಿಂದೇ. ಇಲ್ಲಾಂದ್ರೆ ಹೆದ್ದಾರಿ ಪಕ್ಕದ ಗೋದಾಮು ಇದ್ದೇ ಇದೆಯಲ್ಲ ನಿನಗೆ."

ಗೋದಾಮಿನ ಹೆಸರು ಕೇಳಿದರೆ ಎಮಿಲನಿಗೆ ಮೊಣಕಾಲು ತಾನಾಗಿ ನೋಯುತ್ತಿತ್ತು. ಹಿಂದಿನ ಚಳಿಗಾಲವಿಡೀ ಅಲ್ಲಿ ಪೆಟ್ಟಿಗೆಗಳ ಗುರುತು ಓದುವ, ಕೀಂಗುಟ್ಟುವ ಸ್ಕ್ಯಾನರ್ ಪಿಸ್ತೂಲೊಂದನ್ನು ಕೈಗೆ ಕಟ್ಟಿಕೊಂಡು, ಪೆಟ್ಟಿಗೆಗಳ ಹಿಂದೆ ಓಡಿದ್ದ. ಮೂತ್ರಕ್ಕೆ ಹೋದರೂ ಪಿಸ್ತೂಲು ಚಾಡಿ ಹೇಳುತ್ತಿತ್ತು. ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಕೆಸ್ಲರನ ಸೊನ್ನೆಯೇ ವಾಸಿ ಎಂದುಕೊಂಡು ವ್ಯಾನು ಹತ್ತಿದ.

ಆಷ್ ಹಿಲ್‌ನ ಕಲ್ಲಿದ್ದಲು ಅಗೆದವರು ಅಗೆಯುವಷ್ಟು ಅಗೆದು ಎದ್ದುಹೋಗಿದ್ದರು. ಬೆಂಕಿಯನ್ನು ನೆಲದಡಿಯ ಸುರಂಗಗಳಲ್ಲಿ ಬಿಟ್ಟುಹೋಗಿದ್ದರು, ಚಳಿಯನ್ನು ಮೇಲಿನ ಜನಕ್ಕೆ. ಬೆಟ್ಟದ ಬೆನ್ನಿನಲ್ಲಿ ಈಗಲೂ ಹೊಗೆ ಏಳುತ್ತದೆ. ಊರಿನ ಹೊಟ್ಟೆ ಉರಿಯುತ್ತಿದೆ, ಕೈಕಾಲು ಮಾತ್ರ ತಣ್ಣಗೆ.

ಎಮಿಲ್ ಹುಟ್ಟಿದ್ದು ಅದೇ ಮನೆಯ ಮಹಡಿಯ ಮೇಲೆ; ಹೆಲ್ಚಾ, ಕ್ಲೆಮ್ ಇಬ್ಬರೂ ಅವನಿಗೆ ಬಾಯಿಮಾತಿನ ಅತ್ತೆ, ಮಾಮ. ಹಜಾರದ ನೆಲದಲ್ಲಿ ಚಾಪೆಯಷ್ಟು ಅಗಲದ ಒಂದು ಕಬ್ಬಿಣದ ಜಾಲರಿ. ಅದರ ಕೆಳಗೆ, ನೆಲಮಾಳಿಗೆಯಲ್ಲಿ, ಕುಲುಮೆ. ಹಿಮದಲ್ಲಿ ಆಡಿ ಬಂದ ಮಕ್ಕಳೆಲ್ಲ ಬೂಟು ಕಿತ್ತೆಸೆದು ಆ ಜಾಲರಿಗೆ ಓಡುತ್ತಿದ್ದರು. ಒದ್ದೆ ಉಣ್ಣೆಯ ಕೈಗವಸುಗಳಿಂದ ಒದ್ದೆ ನಾಯಿಯ ವಾಸನೆ. ಅಮ್ಮಂದಿರು ನಿಂತರೆ ಲಂಗ ಬುಗ್ಗೆಂದು ಉಬ್ಬಿ, ಇಡೀ ಹೆಂಗಸು ಗಂಟೆಯಂತೆ ಕಾಣುತ್ತಿದ್ದಳು. ಅಂಗಾಲಿಗೆ ಜಾಲರಿಯ ಚೌಕಗಳ ಮುದ್ರೆ ಬೀಳುವವರೆಗೆ ನಿಲ್ಲಬೇಕು. ಯಾರು ಮೊದಲು ಹಾರುತ್ತಾರೋ ಅವರು ಹೇಡಿ. ಎಮಿಲ್ ಯಾವಾಗಲೂ ಮೊದಲೇ ಹಾರುತ್ತಿದ್ದ.

ಈಗ ಆ ಜಾಲರಿಯ ಮೇಲೆ ಒಂದು ದೊಡ್ಡ ಪಾತ್ರೆ ಕೂತಿತ್ತು. ಮೇಲೆ ಬಿಳಿ ಬಟ್ಟೆ. ಪಕ್ಕದಲ್ಲಿ ಎರಡು ಸ್ವೆಟರಿನ ಮೇಲೊಂದು ಕೋಟು ತೊಟ್ಟ ಹೆಲ್ಚಾ ಅತ್ತೆ, ಕಾಯಿಲೆಯ ಮಗುವಿನ ಪಕ್ಕ ಕೂತಂತೆ ಕೂತಿದ್ದಳು.

"ಬಾ ಮಗ. ಹಿಟ್ಟು ಏಳ್ತಾ ಇಲ್ಲ. ಕ್ರಿಸ್‌ಮಸ್ಸಿಗೆ ಗಸಗಸೆ ಸುರುಳಿ ಮಾಡ್ಬೇಕು, ಇದು ನೋಡಿದ್ರೆ ಸತ್ತೋರ ಥರ ಮಲಗಿದೆ."

"ಇನ್ನೂ ಹೊತ್ತಾಗ್ಬೇಕೇನೋ ಅತ್ತೆ."

"ಹೊತ್ತಲ್ಲ, ಬಿಸಿ ಇಲ್ಲ. ನೀನು ಹಿತ್ತಲಲ್ಲಿ ಆ ಫ್ಯಾನು ತಂದಿಟ್ಟ ದಿನದಿಂದ ಹೀಗೇ."

"ಅದು ಫ್ಯಾನಲ್ಲ, ಹೀಟ್ ಪಂಪು. ಹೊರಗಿನ ಗಾಳಿಯಿಂದ ಬಿಸಿ ಹೀರಿ ಒಳಗೆ ತರುತ್ತೆ."

"ಹೊರಗೆ ಹಿಮ ಬಿದ್ದಿದೆ. ಅಲ್ಲಿ ಯಾರಪ್ಪ ಬಿಸಿ ಇಟ್ಟಿದಾರೆ?" ಅತ್ತೆ ಜಾಲರಿಯ ಮೇಲೆ ಅಂಗೈ ಚಾಚಿದಳು. "ಇದನ್ನ ಬಿಸಿ ಅಂತಾರಾ? ಯಾರೋ ಈಗಷ್ಟೇ ಎದ್ದುಹೋದ ಕುರ್ಚಿ ಇದ್ದಂಗಿದೆ."

ಎಮಿಲ್ ತಾನೂ ಅಂಗೈ ಚಾಚಿ ನೋಡಿದ. ಅದು ನಿಜವಾಗಿಯೂ ಹಾಗೇ ಇತ್ತು. ತಲೆ ತಗ್ಗಿಸಿ ನೆಲಮಾಳಿಗೆಗೆ ಇಳಿದ.

ಕೆಲಸವೇನೂ ಕಷ್ಟದ್ದಲ್ಲ. ಪಂಪು ಮತ್ತು ಕುಲುಮೆ ಒಂದೇ ಅಡುಗೆಮನೆಯ ಇಬ್ಬರು ಸೊಸೆಯರು. ಒಬ್ಬಳು ಸೌಟು ಹಿಡಿದಿರುವಾಗ ಇನ್ನೊಬ್ಬಳು ಒಳಗೆ ಕಾಲಿಟ್ಟರೆ ಪಾತ್ರೆ ಹಾರುತ್ತವೆ. ಕಂಟ್ರೋಲು ಅಂದರೆ ಆ ಸೊಸೆಯರ ಅತ್ತೆ. ಮನೆಯ ಹೊರಗೋಡೆಗೆ ಬೆರಳಿನಷ್ಟು ಗಾತ್ರದ ಒಂದು ಸೆನ್ಸರು ಕಿವಿಯಂತೆ ಅಂಟಿಕೊಂಡು, ಹೊರಗೆ ಎಷ್ಟು ಚಳಿ ಎಂದು ಕಂಟ್ರೋಲಿಗೆ ಹೇಳುತ್ತಿರುತ್ತದೆ. ಚಳಿ ಸೊನ್ನೆಗಿಳಿದರೆ ಈ ಯಂತ್ರದ ಅತ್ತೆ ಪಂಪನ್ನು ಕೂರಿಸಿ ಕುಲುಮೆಯನ್ನು ಎಬ್ಬಿಸುತ್ತಾಳೆ. ಅಷ್ಟೇ.

ಸೆನ್ಸರನ್ನು ಬಿಸಿಲು ಬೀಳದ ಹಿಂಗೋಡೆಗೆ ಹೊಡೆಯುತ್ತಿದ್ದಾಗ ಕ್ಲೆಮ್ ಮಾಮ ಬಂದು ನಿಂತ. ಆತ ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದವನು. ಹಾಗಾಗಿ ಪಂಪು ಎಂಬ ಹೆಸರಿರುವ ಯಾವುದರ ಮೇಲೂ, ಸೈಕಲ್ಲಿನ ಪಂಪಿನ ಮೇಲೂ, ಕೊನೆಯ ಮಾತು ತನ್ನದೇ ಎಂದು ನಂಬಿದ್ದ.

"ಈ ಕಡ್ಡಿ ಏನು ಮಾಡುತ್ತೆ?"

"ಇದಕ್ಕೆ ತುಂಬಾ ಚಳಿಯಾದ್ರೆ ಕುಲುಮೆ ಹೊತ್ತುತ್ತೆ ಮಾಮ."

"ಇದಕ್ಕೆ ಚಳಿಯಾದ್ರೆ? ನನಗಾದ್ರೆ ಇಲ್ಲ?"

"ನಿನಗಾದ್ರೆ ಇಲ್ಲ."

"ಭೇಷ್," ಅಂದ ಕ್ಲೆಮ್. "ನಾನು ಮುವ್ವತ್ತು ವರ್ಷ ಯೂನಿಯನ್ನಿನಲ್ಲಿ ಕೂಗಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಈ ಕಡ್ಡಿ ಬಾಯಿ ಬಿಡದೇ ಕೆಲಸ ಸಾಧಿಸುತ್ತೆ." ಅಂದವನು ಸೆನ್ಸರನ್ನು ಬಹಳ ಹೊತ್ತು ಗೌರವದಿಂದ ನೋಡಿ ಒಳಗೆ ಹೋದ.

ಅಡುಗೆಮನೆಯ ಕಿಟಕಿಯಿಂದ ಹೆಲ್ಚಾ ಅತ್ತೆ ಕೂಗಿದಳು. "ಅದನ್ನ ಯಾಕಪ್ಪ ಹೊರಗೆ ನೇತಾಕಿದೀಯ, ಪಾಪ?"

"ಅದು ಹೊರಗೆ ಹೇಗಿದೆ ಅಂತ ಒಳಗೆ ಹೇಳುತ್ತೆ ಅತ್ತೆ." ಇಬ್ಬರಿಗೂ ಅರ್ಧರ್ಧ ಹೇಳಿ ಎಮಿಲ್ ಕೆಳಗಿಳಿದ. ಅನಾಹುತವೆಲ್ಲ ಆ ಅರ್ಧಗಳಿಂದಲೇ.

ಮಧ್ಯಾಹ್ನಕ್ಕೆ ತಂತಿ ಜೋಡಿಸಿ, ಅಂಕಿಯನ್ನು ಸೊನ್ನೆಗಿಟ್ಟು, ಸ್ವಿಚ್ಚು ಒತ್ತಿದ. ಪಂಪು ತಿರುಗಿತು, ಕುಲುಮೆ ತೆಪ್ಪಗಿತ್ತು. ಎಮಿಲ್ ಮೆಟ್ಟಿಲ ಮೇಲೆ ಕೂತು ಬ್ರೆಡ್ಡಿಗೆ ಬಾಯಿ ಹಾಕಿದ್ದನಷ್ಟೆ, ಕುಲುಮೆ ಧುಗ್ಗೆಂದು ಹೊತ್ತಿಕೊಂಡಿತು. ಕಂಟ್ರೋಲಿನ ಪರದೆಯ ಮೇಲೆ ಹೊರಗಿನ ಚಳಿ ಸೊನ್ನೆ.

ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಹಿತ್ತಲಿಗೆ ಓಡಿದ. ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಗೋಡೆಗೊರಗಿ ಕ್ಲೆಮ್ ಸಿಗರೇಟು ಸೇದುತ್ತಿದ್ದ. ಒಂದು ಕೈ ಬೆನ್ನ ಹಿಂದೆ.

"ಏನಾಯ್ತು ಎಮಿಲ್? ಕಟ್ಟೆ ಒಡೆದ ನೀರಿನ ಹಾಗೆ ಓಡಿ ಬಂದೆ."

"ಇಲ್ಲಿ ಏನಾದ್ರೂ ಮುಟ್ಟಿದ್ರಾ ಮಾಮ?"

"ನಾನಾ? ನಾನು ಯಾಕೆ ಮುಟ್ಟಲಿ. ಹೊಸ ಪಂಪು, ಮೊದಮೊದಲು ನಾಚಿಕೆ ಇರುತ್ತೆ."

ಕೆಳಗೆ ಬಂದು ನೋಡಿದರೆ ಅಂಕಿ ಮೇಲೇರಿತ್ತು, ಕುಲುಮೆ ಆರಿತ್ತು. ತಂತಿ ಸಡಿಲವಿರಬೇಕೆಂದು ಎಲ್ಲವನ್ನೂ ಬಿಚ್ಚಿ ಮತ್ತೆ ಬಿಗಿದ. ಬಿಗಿದು ತಲೆಯೆತ್ತಿದರೆ ಅಂಕಿ ಇನ್ನೂ ಏರುತ್ತಿದೆ. ಏರಿ ಏರಿ ಮೇ ತಿಂಗಳಿಗೆ ಬಂತು. ಕ್ರಿಸ್‌ಮಸ್ ಹತ್ತಿರವಿರುವಾಗ ಹೊರಗೆ ಸೇಬಿನ ಮರ ಹೂಬಿಡುವ ಹವೆ ಎಂದು ಯಂತ್ರ ಆಣೆಯಿಟ್ಟು ಹೇಳುತ್ತಿತ್ತು. ಎಮಿಲ್ ಯಂತ್ರವನ್ನು ಹೆದರಿಸಿದ, ಬೇಡಿಕೊಂಡ, ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ತಟ್ಟಿದ. ಅದು ಜೂನ್ ತಿಂಗಳ ಬೇಸಗೆಗೆ ಹೋಯಿತು.

ಮತ್ತೆ ಹಿತ್ತಲಿಗೆ ಹೋದ. ಈ ಸಲ ಅಲ್ಲಿ ಯಾರೂ ಇರಲಿಲ್ಲ. ಸೆನ್ಸರಿಗೆ ಮಾತ್ರ ಕೆಂಪು ಉಣ್ಣೆಯ ಕಾಲುಚೀಲ ತೊಡಿಸಿ, ಬಾಯಿಗೆ ದಾರ ಕಟ್ಟಿತ್ತು. ಒಳಗೆ ಕೈಹಾಕಿದರೆ ಬಟ್ಟೆಯಲ್ಲಿ ಸುತ್ತಿದ ಬಿಸಿ ಆಲೂಗಡ್ಡೆ. ಎರಡನ್ನೂ ಕಿತ್ತುಕೊಂಡು ಹಜಾರಕ್ಕೆ ಬಂದ.

"ಅತ್ತೆ, ಇದೇನಿದು?"

"ನೀನೇ ಹೇಳಿದ್ಯಲ್ಲ ಮಗ. ಹೊರಗೆ ಹೇಗಿದೆ ಅಂತ ಅದು ಒಳಗೆ ಹೇಳುತ್ತೆ ಅಂತ. ಚಳಿಯಲ್ಲಿ ನಡುಗೋರ ಬಾಯಲ್ಲಿ ಎಂಥ ಸುದ್ದಿ ಬರುತ್ತೆ? ಸ್ವಲ್ಪ ಬೆಚ್ಚಗಿದ್ರೆ ನಮಗೂ ಬೆಚ್ಚಗಿರ್ಲಿ ಅಂತ ಹೇಳೀತು ಅಂತ ಕಟ್ಟಿದೆ."

ಎಮಿಲ್ ಆಲೂಗಡ್ಡೆ ಹಿಡಿದುಕೊಂಡೇ ಹಜಾರದಲ್ಲಿ ಕುಕ್ಕರಿಸಿದ. "ಅದು ತಿರುಗಾಮುರುಗಾ ಅತ್ತೆ. ಅದಕ್ಕೆ ಚಳಿಯಾದ್ರೇನೇ ನಿನಗೆ ಬಿಸಿ."

ಹೆಲ್ಚಾ ಅತ್ತೆ ಅವನ ಕೈಯಿಂದ ಕಾಲುಚೀಲ ಇಸಿದುಕೊಂಡಳು. "ಇಂಥ ಕಾನೂನು ಮಾಡಿದೋನು ಕೆಸ್ಲರನೇ ಇರ್ಬೇಕು," ಅಂದಳು. "ಆಲೂಗಡ್ಡೆ ಕೊಡು, ಆರಿಹೋಗುತ್ತೆ. ಉಪ್ಪು ಹಾಕಿ ಕೊಡ್ತೀನಿ, ತಿನ್ನು. ನಿಮ್ಮಮ್ಮ ನಿನ್ನ ಸ್ಕೂಲಿಗೆ ಕಳಿಸೋವಾಗ ಎರಡೂ ಜೇಬಿಗೆ ಒಂದೊಂದು ಹಾಕೋಳು, ನೆನಪಿದೆಯಾ? ದಾರಿಗುಂಟ ಕೈ ಬೆಚ್ಚಗೆ, ಮಧ್ಯಾಹ್ನ ಹೊಟ್ಟೆ ಬೆಚ್ಚಗೆ."

ನೆನಪಿತ್ತು. ಎಮಿಲ್ ಆಲೂಗಡ್ಡೆ ತಿಂದ. ತಿನ್ನುತ್ತ ಕೂತಿದ್ದಾಗಲೇ ಜಾಲರಿಯಿಂದ ಬಿಸಿ ಎದ್ದಿತು. ಎದ್ದುಹೋದವರ ಕುರ್ಚಿಯ ಬಿಸಿಯಲ್ಲ. ಹಳೆಯದು, ಕೆನ್ನೆಗೆ ಹೊಡೆಯುವಂಥದ್ದು, ಕಬ್ಬಿಣದ ಮತ್ತು ಧೂಳಿನ ವಾಸನೆಯದು. ಅತ್ತೆ ಕೋಟಿನ ಗುಂಡಿ ಬಿಚ್ಚಿದಳು. ಹಿಟ್ಟಿನ ಮೇಲಿನ ಬಿಳಿ ಬಟ್ಟೆ ಮೆಲ್ಲಗೆ ಉಬ್ಬತೊಡಗಿತು. ಎಮಿಲನ ಕಾಲು ತಾನಾಗಿ ಬೂಟು ಬಿಚ್ಚಿಕೊಂಡಿತು.

ಆಮೇಲೆ ಕುಲುಮೆ ಹೊತ್ತಿದೆ ಎಂಬುದು ತಲೆಗೆ ಹೋಯಿತು. ಬರಿಗಾಲಲ್ಲೇ ಹಿತ್ತಲಿಗೆ ಹಾರಿದ. ಕ್ಲೆಮ್ ಅಲ್ಲೇ ಇದ್ದ. ಸೆನ್ಸರಿಗೆ ಕಾಫಿ ಡಬ್ಬಿಯೊಂದನ್ನು ತಂತಿಯಿಂದ ಕಟ್ಟಿ, ಹಿಮ ತುಂಬಿ, ಹಿಮ ಕರಗಲೆಂದು ಮೆಟ್ಟಿಲಿಗೆ ಚೆಲ್ಲುವ ಕಲ್ಲುಪ್ಪನ್ನು ಮೇಲೆ ಉದುರಿಸುತ್ತಿದ್ದ.

"ಏನಿದು ಮಾಮ?"

"ಐಸ್‌ಕ್ರೀಮು," ಅಂದ ಕ್ಲೆಮ್ ತಿರುಗದೆ.

ಎಮಿಲನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಚರ್ಚಿನ ಬೇಸಗೆ ಸಂತರ್ಪಣೆಯಲ್ಲಿ ಐಸ್‌ಕ್ರೀಮು ಮಾಡುವ ಮರದ ಬಕೆಟ್ಟಿನ ಹಿಡಿ ತಿರುಗಿಸುತ್ತಿದ್ದವನು ತಾನೇ, ಹಿಮಗಡ್ಡೆಗೆ ಉಪ್ಪು ಸುರಿಯುತ್ತಿದ್ದವನು ಇದೇ ಕ್ಲೆಮ್. ಬರೀ ಹಿಮದಿಂದ ಕೆನೆ ಗಟ್ಟಿಯಾಗುವುದಿಲ್ಲ, ಉಪ್ಪು ಬಿದ್ದರೆ ಚಳಿ ಸೊನ್ನೆಗಿಳಿಯುತ್ತದೆ ಎಂಬುದು ಆಷ್ ಹಿಲ್‌ನ ಪ್ರತಿ ಮಗುವಿಗೂ ನಾಲಿಗೆಯಿಂದಲೇ ಗೊತ್ತು.

"ತೆಗಿ ಮಾಮ. ಕೆಸ್ಲರ್ ಬರ್ತಾನೆ. ನನ್ನ ಕೆಲಸ ಹೋಗುತ್ತೆ. ಮತ್ತೆ ಗೋದಾಮಿಗೆ ಹೋಗಕ್ಕೆ ಆಗಲ್ಲ ನನಗೆ."

ಕ್ಲೆಮ್ ಅವನ ಮುಖ ನೋಡಿದ. ಡಬ್ಬಿಯ ತಂತಿಗೆ ಕೈ ಹಾಕಿದ. ಅಷ್ಟರಲ್ಲಿ ಮುಂಬಾಗಿಲಲ್ಲಿ ಕೆಸ್ಲರನ ಗಾಡಿ ನಿಂತ ಸದ್ದಾಯಿತು. ತಂತಿಯ ಗಂಟು ಹೆಪ್ಪುಗಟ್ಟಿ ಕಲ್ಲಾಗಿತ್ತು, ಬಿಚ್ಚಲು ಬರಲಿಲ್ಲ.

ಎಮಿಲ್ ಹಜಾರಕ್ಕೆ ಬರುವ ಹೊತ್ತಿಗೆ ಕೆಸ್ಲರ್ ಜಾಲರಿಯ ಮೇಲೆ ನಿಂತಾಗಿತ್ತು. ಅವನ ಉದ್ದ ಕೋಟು ಸುತ್ತಲೂ ಉಬ್ಬಿ, ಅವನೂ ಗಂಟೆಯಾಗಿದ್ದ. ಎಮಿಲ್ ಬೈಗುಳಕ್ಕೆ ಬೆನ್ನೊಡ್ಡಿ ನಿಂತ.

"ನಮ್ಮಜ್ಜಿ ಮನೇಲೂ ಇಂಥದ್ದೊಂದಿತ್ತು," ಅಂದ ಕೆಸ್ಲರ್, ಕಣ್ಣು ಅರೆಮುಚ್ಚಿ. "ಅಂಕಿ ಎಷ್ಟಕ್ಕಿಟ್ಟೆ?"

"ನೀವು ಹೇಳಿದಷ್ಟಕ್ಕೇ. ಸೊನ್ನೆಗೆ."

"ಹೊರಗೆ ಹಿಮ ಕರಗ್ತಾ ಇದೆ. ಅಂದ್ರೆ ಕುಲುಮೆ ಎದ್ದಿಲ್ಲ. ಅಂದ್ರೆ ಇದೆಲ್ಲ ಬರೀ ಪಂಪಿಂದು?"

ಎಮಿಲ್ ಬಾಯಿ ತೆರೆದ. ಕೆಸ್ಲರ್ ಕೈಯೆತ್ತಿ ಸುಮ್ಮನಿರಿಸಿ ಹಿತ್ತಲ ಕಡೆ ಕಿವಿಗೊಟ್ಟ. ಕುಲುಮೆ ಉರಿಯುವಾಗ ಪಂಪು ನಿಂತಿರುತ್ತದೆ. ಹಿತ್ತಲು ಸ್ಮಶಾನದಷ್ಟು ಮೌನವಾಗಿತ್ತು.

"ಒಂಚೂರೂ ಸದ್ದಿಲ್ಲ. ಜಾಹೀರಾತಿನಲ್ಲಿ ಹೇಳಿದ್ರು, ನಾನು ನಂಬಿರಲಿಲ್ಲ." ಕೆಳಗಿಳಿದು ನೋಡಿದ್ದರೆ ಜ್ವಾಲೆ ಕಾಣುತ್ತಿತ್ತು, ಆದರೆ ನೆಲಮಾಳಿಗೆಯ ಮಸಿಗೆ ಅವನ ಬೂಟು ಹೊಸದು. ಹೊರಗೆ ನಿಂತು ತಲೆಯೆತ್ತಿದ್ದರೆ ಚಿಮಣಿಯ ಬಿಳಿ ಆವಿ ಕಾಣುತ್ತಿತ್ತು, ಆದರೆ ಬಾಡಿಗೆ ವಸೂಲಿಗೆ ಬರುವವರು ಮನೆಯನ್ನು ತಲೆಯೆತ್ತಿ ನೋಡುವುದಿಲ್ಲ.

"ಎಲ್ಲ ಮನೆಗಳ ಕೆಲಸವೂ ನಿಂದೇ," ಅಂದ ಕೆಸ್ಲರ್. "ಸೋಮವಾರದಿಂದ ಶುರು ಮಾಡು."

ಎಮಿಲನಿಗೆ ಮೈ ಹಗುರಾದಂತಾಯಿತು. ಬಾಗಿಲಲ್ಲಿ ಕ್ಲೆಮ್ ಮಾಮ ಉಪ್ಪಿನ ಚೀಲವನ್ನು ಬೆನ್ನ ಹಿಂದೆ ಹಿಡಿದು ಕಣ್ಣು ಮಿಟುಕಿಸಿದ. ಹೆಲ್ಚಾ ಅತ್ತೆ ಉಬ್ಬಿದ ಹಿಟ್ಟನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟಳು.

"ಇನ್ನೊಂದು," ಅಂದ ಕೆಸ್ಲರ್, ಜಾಲರಿಯನ್ನು ಬೂಟಿನ ತುದಿಯಿಂದ ತಟ್ಟುತ್ತ. "ಪಂಪು ಒಂದೇ ಇಷ್ಟು ಬಿಸಿ ಕೊಡೋದಾದ್ರೆ ಕುಲುಮೆ ಯಾಕೆ ದಂಡಕ್ಕೆ? ಬಿಚ್ಚಿಹಾಕು. ಇವತ್ತೇ. ಗುಜರಿಯವನಿಗೆ ಈಗಲೇ ಫೋನು ಮಾಡ್ತೀನಿ. ಉಳಿದ ಮನೆಗಳಲ್ಲೂ ಅಷ್ಟೇ, ಪಂಪು ಕೂರಿಸು, ಕುಲುಮೆ ಕಿತ್ತುಹಾಕು. ಗ್ಯಾಸಿನ ತಾಪತ್ರಯವೇ ಬೇಡ."

ಹೆಲ್ಚಾ ಅತ್ತೆ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಕ್ಲೆಮ್‌ನ ಚೀಲದಿಂದ ಉಪ್ಪು ಸುರಿಯುತ್ತಿತ್ತು, ಅವನಿಗೆ ತಿಳಿಯಲಿಲ್ಲ.

ನಿಜ ಹೇಳಿದರೆ ಇವರಿಬ್ಬರೂ ನಾಳೆ ಬೀದಿಯಲ್ಲಿ. ಹೇಳದಿದ್ದರೆ ಆಷ್ ಹಿಲ್‌ನ ಬಾಡಿಗೆದಾರರೆಲ್ಲ ಜನವರಿಯಲ್ಲಿ ಎದ್ದುಹೋದವರ ಕುರ್ಚಿಯ ಮೇಲೆ. ಎಮಿಲ್ ಜೇಬಿನಿಂದ ಸ್ಪ್ಯಾನರು ತೆಗೆದು ನೋಡಿಕೊಂಡ. ಅದನ್ನು ಹಜಾರದಲ್ಲಿದ್ದ ತನ್ನ ಸಲಕರಣೆ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ.

"ಬಿಚ್ಚಲ್ಲ," ಅಂದ.

"ಏನಂದೆ?"

"ಕುಲುಮೆ ಬಿಚ್ಚಲ್ಲ."

"ಯಾಕೆ?"

"ಯಾಕೆ ಅಂತ ಹೇಳಲ್ಲ."

ಕೆಸ್ಲರ್ ಕೋಟಿನ ಗುಂಡಿ ಹಾಕಿಕೊಂಡ. "ಗೋದಾಮಿನವರು ಆಳು ಹುಡುಕ್ತಾ ಇದಾರೆ, ಗೊತ್ತಲ್ಲ? ನೀನಲ್ಲದಿದ್ರೆ ಇನ್ನೊಬ್ಬ ಬಿಚ್ತಾನೆ. ದಾರಿ ಬಿಡು, ನೆಲಮಾಳಿಗೆಯ ಬಾಗಿಲು ತೆಗಿ."

ಎಮಿಲ್ ಪೆಟ್ಟಿಗೆಯನ್ನು ಆ ಬಾಗಿಲಿಗೆ ಒರಗಿಸಿಟ್ಟು, ಅದರ ಮೇಲೆ ಕೂತು, ಬರಿಗಾಲನ್ನು ಜಾಲರಿಯ ಮೇಲೆ ಚಾಚಿದ. ಕಬ್ಬಿಣಕ್ಕೆ ಅಂಗಾಲು ಚುರುಗುಟ್ಟಿತು, ಅವನು ಹಾರಲಿಲ್ಲ.

"ಏಳು ಅಂದೆ."

"ಏಳಲ್ಲ."